ಬೀಗ ಬಿದ್ದ ಹಳೆಯ ಕಂಪ್ಯೂಟರ್: ಮೊದಲು ಕಡತಗಳು, ಆಮೇಲೆ ಪಾಸ್‌ವರ್ಡ್

ಹಲವು ವರ್ಷ ಮೂಲೆಯಲ್ಲಿದ್ದ ಮನೆಯ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದಾಗ, ಯಾರಿಗೂ ನೆನಪಿಲ್ಲದ ಪಾಸ್‌ವರ್ಡನ್ನು ಅದು ಕೇಳಿದರೆ, ಹೆಚ್ಚಿನವರು ಕೂಡಲೇ ಆ ಪಾಸ್‌ವರ್ಡನ್ನು ಅಳಿಸುವ ಉಪಾಯ ಹುಡುಕತೊಡಗುತ್ತಾರೆ. ಆದರೆ ನಮಗೆ ಬೇಕಿರುವುದು ಸಾಮಾನ್ಯವಾಗಿ ಒಳಗಿರುವ ಫೋಟೊಗಳು, ಪತ್ರಗಳು, ಲೆಕ್ಕಪತ್ರಗಳು. ಯಂತ್ರವನ್ನು ಮತ್ತೆ ಬಳಸುವ ಉದ್ದೇಶ ಇರುವುದು ಅಪರೂಪ. ಅವಸರದಲ್ಲಿ ಪಾಸ್‌ವರ್ಡ್ ಅಳಿಸಿದರೆ ಕೆಲವು ಕಡತಗಳು ಓದಲಾಗದ ಸ್ಥಿತಿಗೆ ಹೋಗುವುದುಂಟು, ವಯಸ್ಸಾದ ಹಾರ್ಡ್ ಡಿಸ್ಕ್ ಪ್ರಯೋಗಗಳ ನಡುವೆಯೇ ಕೈಕೊಡುವುದೂ ಉಂಟು. ಆದ್ದರಿಂದ ಕಡತಗಳನ್ನು ಮೊದಲು ಹೊರಗೆ ತೆಗೆದುಕೊಂಡು, ಪಾಸ್‌ವರ್ಡಿನ ಗೋಜಿಗೆ ಆಮೇಲೆ ಹೋಗುವ ಕ್ರಮವನ್ನೇ ನಾನು ಇಲ್ಲಿ ವಿವರಿಸುತ್ತೇನೆ.

ಮುಂದೆ ಹೇಳಿರುವುದೆಲ್ಲ ನಿಮ್ಮದೇ ಕಂಪ್ಯೂಟರಿಗೆ, ಅಥವಾ ಒಡೆಯರ ಒಪ್ಪಿಗೆ ಸ್ಪಷ್ಟವಾಗಿ ಇರುವ ಕಂಪ್ಯೂಟರಿಗೆ ಮಾತ್ರ ಅನ್ವಯಿಸುತ್ತದೆ. ತೀರಿಕೊಂಡವರ ಕಂಪ್ಯೂಟರಾದರೆ ವಾರಸುದಾರರೆಲ್ಲರಿಗೂ ತಿಳಿಸಿದ ಮೇಲೆಯೇ ಕೈಹಾಕುವುದು ಯೋಗ್ಯ.

ವಿದ್ಯುತ್ ಕೊಡುವ ಮುನ್ನ

ಲ್ಯಾಪ್‌ಟಾಪ್ ಆಗಿದ್ದರೆ ಬ್ಯಾಟರಿ ಉಬ್ಬಿದೆಯೇ ಎಂದು ನೋಡಿ. ಉಬ್ಬಿದ್ದರೆ ಅದನ್ನು ಚಾರ್ಜ್ ಮಾಡಲೇಬಾರದು. ಕಳಚಲು ಬರುವಂತಿದ್ದರೆ ಒತ್ತಡ ಹಾಕದೆ, ಚುಚ್ಚದೆ ಕಳಚಿಟ್ಟು ಅಡಾಪ್ಟರಿನಿಂದಲೇ ನಡೆಸಿ. ಡೆಸ್ಕ್‌ಟಾಪ್ ಆಗಿದ್ದರೆ ಪಕ್ಕದ ಮುಚ್ಚಳ ತೆಗೆದು, ಧೂಳನ್ನು ಹೊರಹಾಕಿ, ಮದರ್‌ಬೋರ್ಡಿನ ಮೇಲಿರುವ ಸಣ್ಣ ಕೊಳವೆಯಾಕಾರದ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ, ಕಂದು ದ್ರವ ಸೋರಿದೆಯೇ ಎಂದು ಪರೀಕ್ಷಿಸಿ. 2000ದ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ಬೋರ್ಡುಗಳಲ್ಲಿ ಈ ದೋಷ ವ್ಯಾಪಕವಾಗಿತ್ತು. ಹಾಗೆ ಕಂಡುಬಂದರೆ ಆ ಯಂತ್ರವನ್ನು ಚಾಲೂ ಮಾಡುವ ಆಸೆ ಬಿಟ್ಟು, ಹಾರ್ಡ್ ಡಿಸ್ಕನ್ನು ಮಾತ್ರ ಹೊರತೆಗೆಯುವುದು ಜಾಣತನ.

ಯಂತ್ರ ಚಾಲೂ ಆದ ಮೇಲೆ ದಿನಾಂಕ ತಪ್ಪಾಗಿದೆ ಎಂದೋ, ಎಫ್1 ಒತ್ತಿ ಎಂದೋ ಸಂದೇಶ ಬಂದರೆ ಗಾಬರಿ ಬೇಡ. ಬೋರ್ಡಿನ ಮೇಲಿರುವ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ, ಸಾಮಾನ್ಯವಾಗಿ ಸಿಆರ್2032, ಬರಿದಾಗಿದೆ ಎಂದಷ್ಟೇ ಅದರ ಅರ್ಥ. ದಿನಾಂಕವನ್ನು ಸರಿಪಡಿಸಿಕೊಳ್ಳಿ, ಏಕೆಂದರೆ ಅದು ತಪ್ಪಿದ್ದರೆ ಅಂತರ್ಜಾಲದ ಭದ್ರತಾ ಪ್ರಮಾಣಪತ್ರಗಳು ಅಮಾನ್ಯವೆನಿಸಿ ಆನ್‌ಲೈನ್ ಖಾತೆಯ ಲಾಗಿನ್ ವಿಫಲವಾಗಬಹುದು. ಆದರೆ ಶುರುವಿನಲ್ಲೇ ಪಾಸ್‌ವರ್ಡ್ ಬದಲು ಡಿಸ್ಕಿನಿಂದ ಲಯಬದ್ಧವಾದ ಟಕ್ ಟಕ್ ಸದ್ದು ಬಂದರೆ ತಕ್ಷಣ ವಿದ್ಯುತ್ ತೆಗೆಯಿರಿ. ಅದು ಡಿಸ್ಕಿನ ಓದುವ ತಲೆ ಸೋಲುತ್ತಿರುವ ಲಕ್ಷಣ. ಅದನ್ನು ಮತ್ತೆ ಮತ್ತೆ ಚಾಲೂ ಮಾಡಿ ನೋಡುವುದಾಗಲಿ, ಬಿಚ್ಚುವುದಾಗಲಿ ಮಾಡದೆ, ಕಡತಗಳು ಬೆಲೆಬಾಳುವಂಥವಾದರೆ ಡೇಟಾ ರಕ್ಷಣೆಯ ಪರಿಣತರಿಗೆ ಒಪ್ಪಿಸಬೇಕು.

ಇದು ಯಾವ ಬೀಗ?

ಎಲ್ಲ ಪಾಸ್‌ವರ್ಡ್ ಪರದೆಗಳೂ ಒಂದೇ ಅಲ್ಲ, ಮುಂದಿನ ದಾರಿ ಪೂರ್ತಿಯಾಗಿ ಈ ಗುರುತಿಸುವಿಕೆಯ ಮೇಲೆ ನಿಂತಿದೆ. ಬಳಕೆದಾರರ ಹೆಸರು, ಚಿತ್ರಗಳ ಸಮೇತ ವಿಂಡೋಸ್, ಮ್ಯಾಕ್ ಅಥವಾ ಲಿನಕ್ಸಿನ ಪರದೆ ಬಂದರೆ ಅದು ಬರಿಯ ಲಾಗಿನ್ ಪಾಸ್‌ವರ್ಡ್. ಇದು ಮುಂಬಾಗಿಲಿನ ಚಿಲಕದಂತೆ. ಡಿಸ್ಕನ್ನು ಗೂಢಲಿಪಿಗೆ ಒಳಪಡಿಸಿರದಿದ್ದರೆ ಒಳಗಿನ ಸಾಮಾನು ಇದ್ದ ಹಾಗೆಯೇ ಇರುತ್ತದೆ, ಹಿತ್ತಲ ಕಡೆಯಿಂದ ಬಂದವರಿಗೆ ಅಡ್ಡಿಯಿಲ್ಲ. ವಿಂಡೋಸ್ ಶುರುವಾಗುವ ಮೊದಲೇ 48 ಅಂಕಿಗಳ ರಿಕವರಿ ಕೀ ಕೇಳಿದರೆ ಅದು ಬಿಟ್‌ಲಾಕರ್. ಅಲ್ಲಿ ಡಿಸ್ಕಿನ ಪ್ರತಿ ಅಕ್ಷರವೂ ಗೂಢಲಿಪಿಯಲ್ಲಿ ಇರುತ್ತದೆ, ಕೀ ಇಲ್ಲದೆ ಯಾವ ಉಪಾಯವೂ ನಡೆಯುವುದಿಲ್ಲ. ತಯಾರಕರ ಚಿಹ್ನೆ ಮೂಡಿದ ಕೂಡಲೇ ಸಣ್ಣ ಚೌಕದಲ್ಲಿ ಪಾಸ್‌ವರ್ಡ್ ಕೇಳಿದರೆ ಅದು ಬಯೋಸಿನದು (ವಿಂಡೋಸಿಗಿಂತ ಮೊದಲು ಯಂತ್ರವನ್ನು ಎಬ್ಬಿಸುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ), ಇಲ್ಲವೆ ಹಾರ್ಡ್ ಡಿಸ್ಕಿನದೇ ಪಾಸ್‌ವರ್ಡ್. ಇವೆರಡನ್ನೂ ಕೊನೆಯಲ್ಲಿ ನೋಡೋಣ.

ಲಾಗಿನ್ ಪರದೆಯಾಗಿದ್ದರೆ, ಪಾಸ್‌ವರ್ಡ್ ಮರೆತಿದ್ದೀರಿ ಎಂಬ ತೀರ್ಮಾನಕ್ಕೆ ಬರುವ ಮೊದಲು ಕೀಬೋರ್ಡನ್ನು ಅನುಮಾನಿಸಿ. ಕ್ಯಾಪ್ಸ್ ಲಾಕ್ ಎಲ್ಲರಿಗೂ ಹೊಳೆಯುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ನಮ್ ಲಾಕ್ ಆನ್ ಆಗಿದ್ದರೆ ಬಲಬದಿಯ ಅಕ್ಷರಗಳು ಅಂಕಿಗಳಾಗಿ ಬೀಳುತ್ತವೆ ಎಂಬುದು ಹೊಳೆಯುವುದಿಲ್ಲ. ಕೀಬೋರ್ಡಿನ ವಿನ್ಯಾಸ ಅಮೆರಿಕದ್ದಾಗಿರದೆ ಬ್ರಿಟನ್ನಿನದಾಗಿದ್ದರೆ ಅಟ್ ಚಿಹ್ನೆಯೂ ಜೋಡಿ ಉದ್ಧರಣ ಚಿಹ್ನೆಯೂ ಸ್ಥಳ ಬದಲಿಸಿಕೊಂಡಿರುತ್ತವೆ. ಬಳಕೆದಾರರ ಹೆಸರನ್ನು ಬರೆಯುವ ಚೌಕವಿದ್ದರೆ ಅದರಲ್ಲಿ ಊಹಿಸಿದ ಪಾಸ್‌ವರ್ಡನ್ನು ಟೈಪ್ ಮಾಡಿದರೆ, ಒತ್ತಿದ ಅಕ್ಷರವೇ ಬೀಳುತ್ತಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ವಿಂಡೋಸ್ ತೋರಿಸುವ ಸುಳಿವನ್ನು ಓದಿ, ಆ ಕಾಲದ ಮನೆಮಂದಿಯನ್ನು ಕೇಳಿ, ಏನೂ ಬರೆಯದೆ ಎಂಟರ್ ಒತ್ತಿಯೂ ನೋಡಿ. ಈ ಹಂತಕ್ಕೆ ಒಂದು ಸಂಜೆಯನ್ನೇ ಕೊಟ್ಟರೂ ನಷ್ಟವಿಲ್ಲ, ಏಕೆಂದರೆ ಹಳೆಯ ಪಾಸ್‌ವರ್ಡ್ ಸಿಕ್ಕಿದರೆ ಯಾವುದೂ ಕಳೆದುಹೋಗುವುದಿಲ್ಲ.

ಕಡತಗಳನ್ನು ಹೊರತೆಗೆಯುವುದು

ಇದಕ್ಕೆ ಎರಡು ದಾರಿಗಳಿವೆ. ಒಂದು, ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದ ಲಿನಕ್ಸನ್ನು ಚಾಲೂ ಮಾಡುವುದು. ಬೇರೊಂದು ಕಂಪ್ಯೂಟರಿನಲ್ಲಿ ಲೈವ್ ಲಿನಕ್ಸಿನ, ಅಂದರೆ ಡಿಸ್ಕಿನಲ್ಲಿ ಸ್ಥಾಪಿಸದೆಯೇ ನಡೆಯುವ ಲಿನಕ್ಸಿನ, ಪೆನ್‌ಡ್ರೈವ್ ಸಿದ್ಧಪಡಿಸಿ, ಹಳೆಯ ಯಂತ್ರ ಶುರುವಾಗುವಾಗ ಎಫ್12, ಎಸ್ಕೇಪ್ ಮುಂತಾದ ಕೀಗಳಲ್ಲಿ ಅದಕ್ಕೆ ನಿಗದಿಯಾದದ್ದನ್ನು ಒತ್ತಿ ಪೆನ್‌ಡ್ರೈವನ್ನು ಆರಿಸಬೇಕು. 32 ಬಿಟ್‌ನ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಉಬುಂಟು ಎಂಬ ಜನಪ್ರಿಯ ಲಿನಕ್ಸಿನ ಇಂದಿನ ಆವೃತ್ತಿ ಚಾಲೂ ಆಗುವುದಿಲ್ಲ. ಅಂಥವುಗಳಿಗೆ ಪಪ್ಪಿ ಲಿನಕ್ಸ್ ಅಥವಾ ಆಂಟಿಎಕ್ಸ್‌ನ 32 ಬಿಟ್ ಆವೃತ್ತಿಯನ್ನು ಆರಿಸಿ. ಇನ್ನೂ ಹಳೆಯ ಯಂತ್ರಗಳಿಗೆ ಪೆನ್‌ಡ್ರೈವಿನಿಂದ ಶುರುವಾಗಲು ಬರುವುದೇ ಇಲ್ಲ, ಅವಕ್ಕೆ ಸಿಡಿಯೇ ಗತಿ. ಪರದೆಯಲ್ಲಿ ಇನ್‌ಸ್ಟಾಲ್ ಎಂಬ ಆಯ್ಕೆ ಕಂಡರೆ ಅದನ್ನು ಒತ್ತಬೇಡಿ. ಸ್ಥಾಪಿಸದೆ ಪ್ರಯತ್ನಿಸುವ ಆಯ್ಕೆಯೇ ನಮಗೆ ಬೇಕಾದದ್ದು. ಲಿನಕ್ಸಿನ ಲೈವ್ ವ್ಯವಸ್ಥೆ ವಿಂಡೋಸಿನ ಕಡತ ಅನುಮತಿಗಳನ್ನು ಸಾಮಾನ್ಯವಾಗಿ ಲೆಕ್ಕಿಸದ ಕಾರಣ ಎಲ್ಲ ಬಳಕೆದಾರರ ಫೋಲ್ಡರುಗಳೂ ತೆರೆದುಕೊಳ್ಳುತ್ತವೆ.

ಇನ್ನೊಂದು ದಾರಿ ಡಿಸ್ಕನ್ನೇ ಕಳಚಿ ಯುಎಸ್‌ಬಿ ಅಡಾಪ್ಟರಿನ ಮೂಲಕ ಹೊಸ ಕಂಪ್ಯೂಟರಿಗೆ ಜೋಡಿಸುವುದು. ಅಗಲವಾದ ಪಟ್ಟಿಯಂಥ ಕೇಬಲ್ ಮತ್ತು ಸಾಲುಸಾಲು ಪಿನ್ನುಗಳಿದ್ದರೆ ಅದು ಐಡಿಇ ಡಿಸ್ಕ್. ತೆಳುವಾದ ಎಲ್ ಆಕಾರದ ಜೋಡಣೆಯಿದ್ದರೆ ಸಾಟಾ. ಅಡಾಪ್ಟರನ್ನು ಅದಕ್ಕೆ ತಕ್ಕಂತೆ ಆರಿಸಬೇಕು. 3.5 ಅಂಗುಲದ ಡಿಸ್ಕಿಗೆ 12 ವೋಲ್ಟ್ ಕೂಡ ಬೇಕಾಗುವುದರಿಂದ ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಇರುವ ಸಾಧನವೇ ಆಗಬೇಕು; ಲ್ಯಾಪ್‌ಟಾಪಿನ 2.5 ಅಂಗುಲದ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟ್ ಸಾಕು. ಹೊಸ ವಿಂಡೋಸಿನಲ್ಲಿ ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಎಂಬ ಸಂದೇಶ ಬಂದರೆ ಮುಂದುವರಿಯಿರಿ ಎಂದು ಒಪ್ಪಿಗೆ ಕೊಡಿ. ದೊಡ್ಡ ಫೋಲ್ಡರಾದರೆ ಇದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ, ದೋಷ ಸರಿಪಡಿಸಬೇಕೇ ಎಂದು ಕೇಳಿದರೆ ಎರಡಕ್ಕೂ ಬೇಡ ಎನ್ನಿ. ಓದುವಿಕೆ ನಡುನಡುವೆ ನಿಲ್ಲುತ್ತಿದ್ದರೆ ಒಂದೊಂದೇ ಕಡತ ನಕಲಿಸುವ ಬದಲು ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ಉಪಕರಣದಿಂದ ಇಡೀ ಡಿಸ್ಕಿನ ಪ್ರತಿ ತೆಗೆಯಿರಿ. ಅದು ಚೆನ್ನಾಗಿರುವ ಭಾಗಗಳನ್ನು ಮೊದಲು ಓದಿಕೊಂಡು, ಕೆಟ್ಟ ಭಾಗಗಳಿಗೆ ಆಮೇಲೆ ಮರಳುತ್ತದೆ.

ಎಲ್ಲಿ ಹುಡುಕಬೇಕು ಎಂಬುದೂ ಮುಖ್ಯ. ವಿಂಡೋಸ್ ಎಕ್ಸ್‌ಪಿಯಲ್ಲಿ ಬಳಕೆದಾರರ ಕಡತಗಳು ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಎಂಬ ಫೋಲ್ಡರಿನಲ್ಲಿ, ವಿಸ್ಟಾದಿಂದ ಈಚೆಗೆ ಯೂಸರ್ಸ್ ಎಂಬ ಫೋಲ್ಡರಿನಲ್ಲಿ ಇರುತ್ತವೆ. ನನ್ನ ಸಲಹೆಯೆಂದರೆ, ಫೋಟೊಗಳನ್ನು ಮಾತ್ರ ಹೆಕ್ಕದೆ ಆ ಇಡೀ ಫೋಲ್ಡರನ್ನು ನಕಲಿಸಿಕೊಳ್ಳಿ. ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿದ್ದ ಹಳೆಯ ಇಮೇಲ್‌ಗಳು ಅದರೊಳಗಿನ ಅಡಗಿದ ಫೋಲ್ಡರುಗಳಲ್ಲಿ ಇರುತ್ತವೆ, ಹೆಕ್ಕುವವರ ಕಣ್ಣಿಗೆ ಅವು ಬೀಳುವುದಿಲ್ಲ. ಯೂನಿಕೋಡ್ ರೂಢಿಗೆ ಬರುವ ಮೊದಲು ವಿಶೇಷ ಫಾಂಟುಗಳಲ್ಲಿ ಟೈಪ್ ಮಾಡಿದ ಪತ್ರಗಳಿದ್ದರೆ ವಿಂಡೋಸಿನ ಫಾಂಟ್ಸ್ ಫೋಲ್ಡರನ್ನೂ ನಕಲಿಸಿ, ಏಕೆಂದರೆ ಆ ಫಾಂಟ್ ಇಲ್ಲದೆ ಪತ್ರ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು ಮಾತ್ರ. ನಕಲಿಸುವ ಡ್ರೈವ್ ಫ್ಯಾಟ್32 ಮಾದರಿಯದಾಗಿದ್ದರೆ 4 ಜಿಬಿಗಿಂತ ದೊಡ್ಡ ವಿಡಿಯೊ ಕಡತ ಅದರಲ್ಲಿ ಕೂರುವುದಿಲ್ಲ. ಕೆಲಸ ಮುಗಿದ ಮೇಲೆ ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಹೋಲಿಸಿ, ಅಲ್ಲಲ್ಲಿ ಕೆಲವನ್ನು ತೆರೆದೂ ನೋಡಿ.

ಪಾಸ್‌ವರ್ಡ್ ಬದಲಿಸುವುದು

ಇಷ್ಟಾದ ಮೇಲೂ ಆ ಯಂತ್ರದೊಳಗೇ ಹೋಗಬೇಕಾದ ಕಾರಣವಿದ್ದರೆ, ಉದಾಹರಣೆಗೆ ಬೇರೆಲ್ಲೂ ತೆರೆಯದ ಹಳೆಯ ಲೆಕ್ಕದ ತಂತ್ರಾಂಶ ಅದರಲ್ಲಿದ್ದರೆ, ಈಗ ಪಾಸ್‌ವರ್ಡಿಗೆ ಕೈಹಾಕಬಹುದು. ಒಂದು ಎಚ್ಚರ ಮಾತ್ರ ಇರಲಿ. ಎಕ್ಸ್‌ಪಿ ಪ್ರೊಫೆಷನಲ್‌ನಂಥ ಆವೃತ್ತಿಗಳಲ್ಲಿ ಬಳಕೆದಾರರು ತಮ್ಮ ಫೋಲ್ಡರುಗಳನ್ನು ಗೂಢಲಿಪಿಗೆ ಒಳಪಡಿಸಬಹುದಿತ್ತು. ಅಂಥ ಕಡತಗಳ ಹೆಸರು ಹಸಿರು ಬಣ್ಣದಲ್ಲಿ ಕಾಣುತ್ತದೆ. ಹಳೆಯ ಪಾಸ್‌ವರ್ಡ್ ಗೊತ್ತಿಲ್ಲದೆ ಹೊರಗಿನಿಂದ ಅದನ್ನು ಅಳಿಸಿದರೆ ಈ ಕಡತಗಳೂ, ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳೂ ಕೈತಪ್ಪುತ್ತವೆ. ಡಿಸ್ಕಿನ ಪೂರ್ಣ ಪ್ರತಿ ಮೊದಲೇ ಇದ್ದರೆ, ಮುಂದೆಂದಾದರೂ ಹಳೆಯ ಪಾಸ್‌ವರ್ಡ್ ನೆನಪಾದಾಗ ಮರಳಿ ಪ್ರಯತ್ನಿಸಬಹುದು.

ಎಕ್ಸ್‌ಪಿಯಲ್ಲಿ ಅಡ್ಮಿನಿಸ್ಟ್ರೇಟರ್ ಎಂಬ ಅಡಗಿದ ಖಾತೆಯೊಂದಿದೆ. ಹೋಮ್ ಆವೃತ್ತಿಯಲ್ಲಿ ಯಂತ್ರ ಶುರುವಾಗುವಾಗ ಎಫ್8 ಒತ್ತಿ ಸೇಫ್ ಮೋಡ್‌ಗೆ ಹೋದರೆ ಅದು ಕಾಣುತ್ತದೆ, ಯಾರೂ ಬದಲಿಸಿರದಿದ್ದರೆ ಅದರ ಪಾಸ್‌ವರ್ಡ್ ಖಾಲಿಯಾಗಿಯೇ ಇರುತ್ತದೆ. ಪ್ರೊಫೆಷನಲ್ ಆವೃತ್ತಿಯ ಸ್ವಾಗತ ಪರದೆಯಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಎರಡು ಬಾರಿ ಒತ್ತಿದರೆ ಹೆಸರು ಬರೆಯುವ ಹಳೆಯ ಮಾದರಿಯ ಚೌಕ ಬರುತ್ತದೆ. ವಿಸ್ಟಾದಿಂದ ಈಚೆಗೆ ಆ ಖಾತೆಯನ್ನು ಮೊದಲಿನಿಂದಲೇ ನಿಷ್ಕ್ರಿಯಗೊಳಿಸಿರುತ್ತಾರೆ. ಆಗ ಮನೆಯ ಬೇರೊಬ್ಬರ ಖಾತೆಗೆ ನಿರ್ವಾಹಕ ಅಧಿಕಾರವಿದ್ದರೆ ಅದರಿಂದ ಪಾಸ್‌ವರ್ಡ್ ಬದಲಿಸಬಹುದು, ಅಥವಾ ಮೊದಲೇ ಮಾಡಿಟ್ಟ ಪಾಸ್‌ವರ್ಡ್ ರಿಸೆಟ್ ಡಿಸ್ಕ್ ಇದ್ದರೆ ಬಳಸಬಹುದು. ಅದೂ ಇಲ್ಲದಿದ್ದರೆ ಆಫ್‌ಲೈನ್ ಎನ್‌ಟಿ ಪಾಸ್‌ವರ್ಡ್ ಅಂಡ್ ರಿಜಿಸ್ಟ್ರಿ ಎಡಿಟರ್ ಎಂಬ ಉಚಿತ ಉಪಕರಣವಿದೆ. ಅದರಲ್ಲಿ ಹೊಸ ಪಾಸ್‌ವರ್ಡ್ ಬರೆಯುವುದಕ್ಕಿಂತ ಇದ್ದದ್ದನ್ನು ಖಾಲಿ ಮಾಡುವುದೇ ಹೆಚ್ಚು ಭರವಸೆಯದು. ವಿಂಡೋಸ್ ನಿದ್ರಾಸ್ಥಿತಿಯಲ್ಲಿರದೆ ಪೂರ್ತಿ ಮುಚ್ಚಿರಬೇಕು. ಹಣ ಕೊಟ್ಟರೆ ಎಲ್ಲ ಬೀಗವನ್ನೂ ತೆರೆಯುತ್ತೇವೆ ಎನ್ನುವ ಅಪರಿಚಿತ ತಂತ್ರಾಂಶಗಳನ್ನು ದಯವಿಟ್ಟು ನಂಬಬೇಡಿ.

ವಿಂಡೋಸ್ 8ರಿಂದ ಈಚೆಗೆ ಲಾಗಿನ್ ಹೆಸರು ಇಮೇಲ್ ವಿಳಾಸವಾಗಿದ್ದರೆ ಅದು ಮೈಕ್ರೋಸಾಫ್ಟ್ ಖಾತೆ. ಬೇರೆ ಸಾಧನದಿಂದ ಆ ಖಾತೆಯ ಪಾಸ್‌ವರ್ಡ್ ಬದಲಿಸಿ, ಹಳೆಯ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಿ ಹೊಸದನ್ನು ಬರೆದರಾಯಿತು. ವಿಂಡೋಸ್ 10ರ 1803 ಆವೃತ್ತಿಯಿಂದ ಸ್ಥಳೀಯ ಖಾತೆಗಳಿಗೆ ಮೂರು ಭದ್ರತಾ ಪ್ರಶ್ನೆಗಳ ವ್ಯವಸ್ಥೆ ಬಂದಿದೆ. ತಪ್ಪು ಪಾಸ್‌ವರ್ಡ್ ಕೊಟ್ಟಾಗ ರಿಸೆಟ್ ಕೊಂಡಿ ಕಂಡರೆ ಅದನ್ನು ಬಳಸಿ. ಬಿಟ್‌ಲಾಕರಿನ ಕೀ ಕೂಡ ಹಲವೊಮ್ಮೆ ಮೈಕ್ರೋಸಾಫ್ಟ್ ಖಾತೆಯಲ್ಲೇ ಉಳಿದಿರುತ್ತದೆ. ಪರದೆಯಲ್ಲಿ ಕಾಣುವ ಕೀ ಗುರುತಿನ ಮೊದಲ 8 ಅಕ್ಷರಗಳನ್ನು ಅಲ್ಲಿರುವುದರೊಂದಿಗೆ ಹೋಲಿಸಿ. ಕಾಗದಕ್ಕೆ ಮುದ್ರಿಸಿಟ್ಟಿರುವ ಸಾಧ್ಯತೆಯೂ ಇರುವುದರಿಂದ ಹಳೆಯ ಕಾಗದಪತ್ರಗಳನ್ನು ಹುಡುಕಿ ನೋಡಿ.

ಮ್ಯಾಕ್‌ನಲ್ಲಿ 2011ರ ಲಯನ್ ಆವೃತ್ತಿಯಿಂದ ಈಚೆಗೆ, ಇಂಟೆಲ್ ಯಂತ್ರವಾದರೆ, ಕಮಾಂಡ್ ಮತ್ತು ಆರ್ ಹಿಡಿದು ಶುರುಮಾಡಿದಾಗ ಬರುವ ರಿಕವರಿಯಲ್ಲಿ ಪಾಸ್‌ವರ್ಡ್ ಬದಲಿಸುವ ಉಪಕರಣವಿದೆ. ಡಿಸ್ಕನ್ನು ಗೂಢಲಿಪಿಗೆ ಒಳಪಡಿಸುವ ಫೈಲ್‌ವಾಲ್ಟ್ ಆನ್ ಆಗಿದ್ದರೆ ಅದರ ಕೀ ಬೇಕು. ಲಿನಕ್ಸಿನಲ್ಲಿ, ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನ ರಿಕವರಿ ಮೋಡ್‌ನಿಂದ ರೂಟ್ (ಪೂರ್ಣ ನಿರ್ವಾಹಕ) ಅಧಿಕಾರ ಪಡೆದು ಪಾಸ್‌ವರ್ಡ್ ಬದಲಿಸಬಹುದು.

ಬಯೋಸ್ ಬೀಗ

ಹಳೆಯ ಡೆಸ್ಕ್‌ಟಾಪುಗಳಲ್ಲಿ ಬಯೋಸ್ ಪಾಸ್‌ವರ್ಡ್ ಹೋಗಿಸುವುದು ಸುಲಭ. ವಿದ್ಯುತ್ ತಂತಿಯನ್ನು ಪೂರ್ತಿ ಕಳಚಿ, ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಡಿ, ಇಲ್ಲವೆ ಬೋರ್ಡಿನ ಕೈಪಿಡಿಯಲ್ಲಿ ತೋರಿಸಿದ ಜಂಪರನ್ನು (ಪಿನ್ನುಗಳನ್ನು ಜೋಡಿಸುವ ಸಣ್ಣ ಮುಚ್ಚಳ) ಬದಲಿಸಿ. ಬಿಟ್‌ಲಾಕರ್ ಇರಬಹುದೆಂಬ ಅನುಮಾನವಿದ್ದರೆ ಇದಕ್ಕೂ ಮೊದಲು ಅದರ ಕೀ ಹುಡುಕಿಟ್ಟುಕೊಳ್ಳಬೇಕು, ಏಕೆಂದರೆ ಬಯೋಸ್ ಬದಲಾದರೆ ಅದು ಕೀ ಕೇಳಬಹುದು. ಅನೇಕ ಲ್ಯಾಪ್‌ಟಾಪುಗಳಲ್ಲಿ ಈ ಪಾಸ್‌ವರ್ಡ್ ಬ್ಯಾಟರಿಯನ್ನು ಅವಲಂಬಿಸದ ಚಿಪ್ಪಿನಲ್ಲಿ ಇರುವುದರಿಂದ, ಖರೀದಿಯ ದಾಖಲೆಯೊಂದಿಗೆ ತಯಾರಕರನ್ನೇ ಸಂಪರ್ಕಿಸಬೇಕಾಗುತ್ತದೆ. ಹಾಗಿದ್ದರೂ ಡಿಸ್ಕನ್ನು ಕಳಚಿ ಬೇರೆಡೆ ಓದಲು ಬಯೋಸ್ ಪಾಸ್‌ವರ್ಡ್ ಅಡ್ಡಿಯಾಗುವುದಿಲ್ಲ. ಹಾರ್ಡ್ ಡಿಸ್ಕಿನದೇ ಪಾಸ್‌ವರ್ಡ್ ಆಗಿದ್ದರೆ ಮಾತ್ರ ಅದು ಡಿಸ್ಕಿನ ಜೊತೆಗೇ ಹೋಗುತ್ತದೆ, ಯಾವ ಕಂಪ್ಯೂಟರಿಗೆ ಜೋಡಿಸಿದರೂ ತೆರೆಯುವುದಿಲ್ಲ.

ಒಳಗೆ ಹೋದ ಮೇಲೆ, ಆನ್‌ಲೈನ್ ಲಾಗಿನ್ ಅನಿವಾರ್ಯವಲ್ಲದಿದ್ದರೆ, ಆ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸದಿರಿ. ಎಕ್ಸ್‌ಪಿಗೆ ಭದ್ರತಾ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಮುಗಿದಿದೆ. ಹೊರತಂದ ಕಡತಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆಯುವ ಮೊದಲು ವೈರಸ್ ತಪಾಸಣೆ ಮಾಡಿ, ಎರಡು ಬೇರೆ ಬೇರೆ ಡ್ರೈವುಗಳಲ್ಲಿ ಇಟ್ಟುಕೊಂಡ ಮೇಲೆಯೇ ಹಳೆಯ ಡಿಸ್ಕನ್ನು ಅಳಿಸುವ ಅಥವಾ ವಿಲೇವಾರಿ ಮಾಡುವ ನಿರ್ಧಾರಕ್ಕೆ ಬನ್ನಿ.