“ಕೊನೇ ದಿನ ಯಾವತ್ತು ಮೇಡಂ?”: ವಿಭಾಗದ ವಾರದ ಹಾಳೆ ಮಾಡುವ ಬಗೆ

ಅರಸೀಕೆರೆಯಿಂದ ಬೆಳಗಿನ ರೈಲಿಗೆ ಬರುವ ನಮ್ಮ ಅತಿಥಿ ಉಪನ್ಯಾಸಕಿಯೊಬ್ಬರು ಒಂದು ಸೋಮವಾರ ಬ್ಯಾಗ್ ಇಳಿಸುವ ಮೊದಲೇ ಕೇಳಿದರು: “ಮೇಡಂ, ಆ ಸೆಮಿನಾರ್‌ಗೆ ಅಬ್‌ಸ್ಟ್ರಾಕ್ಟ್ ಕಳಿಸೋಕೆ ಕೊನೇ ದಿನ ಯಾವತ್ತು?” ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತಿದ್ದ ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಶುಕ್ರವಾರವೇ ಮುಗಿದಿತ್ತು. ನಾಲ್ವರೂ ನಮ್ಮ ಪ್ರಬಂಧದ ಸಾರಾಂಶ (ಅಬ್‌ಸ್ಟ್ರಾಕ್ಟ್) ಕಳಿಸಿ ಆಗಿತ್ತು. ಅವರಿಗೊಂದು ಮಾತು ಹೇಳಬೇಕು ಅಂತ ಒಬ್ಬರಿಗೂ ಹೊಳೆದಿರಲಿಲ್ಲ. ವಾರಕ್ಕೆ ಮೂರು ದಿನ ಬಂದು, ಪಾಠ ಮುಗಿಸಿ, ಮತ್ತೆ ರೈಲಿಗೆ ಓಡುವವರು ಕಾಫಿ ಹೊತ್ತಿಗೆ ಸಿಗುವುದಿಲ್ಲವಲ್ಲ.

ಹಾಸನದ ನಮ್ಮ ಇಂಗ್ಲಿಷ್ ವಿಭಾಗದಲ್ಲಿ ವಾರದ ಹಾಳೆ ಶುರುವಾಗಿದ್ದು ಹಾಗೆ. ಒಂದು ಎ4 ಹಾಳೆ, ಒಂದೇ ಮಗ್ಗುಲು. ಯಾರು ಏನು ಬರೆದರು, ಎಲ್ಲಿ ಮಾತಾಡಿದರು, ಯಾವುದಕ್ಕೆ ಎಂದು ಕೊನೇ ದಿನ, ಇಷ್ಟೇ. ನಿಮ್ಮ ವಿಭಾಗದಲ್ಲೂ ಮಾಡಬೇಕು ಅನ್ನಿಸಿದ್ದರೆ ಇದನ್ನು ಓದಿ. ಸ್ಟಾಫ್ ರೂಮಿಗೆ ಬಾರದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿ. ಅಲ್ಲೇ ಕೂತಿರುವವರಿಗೆ ಹೇಗೂ ಗೊತ್ತಾಗುತ್ತದೆ.

ಮೊದಲು, ಸುದ್ದಿ ಕೇಳುವುದು

“ಈ ವಾರ ಏನಾದ್ರೂ ಸುದ್ದಿ ಇದೆಯಾ ಸರ್?” ಅಂತ ಕೇಳಬೇಡಿ. “ಏನಿಲ್ಲ ಬಿಡಿ” ಅಂತಾರೆ. ಎರಡು ದಿನ ಬಿಟ್ಟು ಅವರೇ ಆಕಾಶವಾಣಿಯಲ್ಲಿ ಮಾತಾಡಿದ್ದು ಬೇರೆ ಯಾರಿಂದಲೋ ತಿಳಿಯುತ್ತದೆ. ಒಂದೊಂದನ್ನೇ ಬಿಡಿಸಿ ಕೇಳಿ. ಎಲ್ಲಾದರೂ ಮಾತಾಡಲು ಹೋಗಿದ್ರಾ? ಏನಾದರೂ ಅಚ್ಚಾಗಿ ಬಂತಾ? ಮುಂದಿನ ತಿಂಗಳು ಒಒಡಿ (ಕೆಲಸದ ಮೇಲೆ ಹೊರಗೆ ಹೋಗಲು ಅನುಮತಿ) ಬೇಕಾ?

ಮೂರನೇ ಪ್ರಶ್ನೆ ಸುಮ್ನೆ ಸೇರಿಸಿದ್ದಲ್ಲ. ಹೊರಗಿನ ಕಾರ್ಯಕ್ರಮಕ್ಕೆ ಹೋಗುವವರೆಲ್ಲ ಒಒಡಿ ಪತ್ರ ಕೊಡಲೇಬೇಕು, ಆ ಪತ್ರ ಕಚೇರಿಯ ಗುಮಾಸ್ತರ ಮೇಜು ದಾಟಿಯೇ ಹೋಗಬೇಕು. ಹಾಗಾಗಿ ವಿಭಾಗದ ಸುದ್ದಿ ಮುಖ್ಯಸ್ಥರಾದ ಎಚ್‌ಒಡಿಗಿಂತ ಗುಮಾಸ್ತರಿಗೇ ಜಾಸ್ತಿ ಗೊತ್ತಿರುತ್ತದೆ. ಬುಧವಾರ ಸಂಜೆ ಅವರ ಹತ್ತಿರ ಐದು ನಿಮಿಷ ನಿಲ್ಲಿ.

ಒಂದು ಸುದ್ದಿ, ಎರಡು ಸಾಲು

ಸುದ್ದಿಯನ್ನು ಹೊಗಳಿಕೆ ಇಲ್ಲದೆ ಬರೆಯಿರಿ. ‘ಹೆಮ್ಮೆಯ ವಿಷಯ’, ‘ಕೀರ್ತಿ ತಂದಿದ್ದಾರೆ’ ಇವೆಲ್ಲ ಜಾಗ ತಿನ್ನುತ್ತವೆ. ಯಾರು, ಏನು, ಎಲ್ಲಿ, ಯಾವತ್ತು ಎಂದಿದ್ದರೆ ಸಾಕು. ನಮ್ಮೂರಿನದೇ ದೊಡ್ಡ ಸುದ್ದಿಯನ್ನು ತೆಗೆದುಕೊಳ್ಳಿ. ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ಊರಿನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಹತ್ತಾರು ಪೋಸ್ಟರ್ ಓಡಾಡಿದವು. ನಾನು ನೋಡಿದ ಬಹಳಷ್ಟರಲ್ಲಿ ಅನುವಾದಕಿಯ ಹೆಸರೇ ಇರಲಿಲ್ಲ. ಇಂಗ್ಲಿಷ್ ವಿಭಾಗದವರು ಅದನ್ನು ಬಿಟ್ಟರೆ ಹೇಗೆ? ಹಾಳೆಯಲ್ಲಿ ಹೀಗೆ ಬರಬೇಕು:

‘ಬಾನು ಮುಷ್ತಾಕ್ ಅವರ ಕನ್ನಡ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ. ಅನುವಾದ: ದೀಪಾ ಭಾಸ್ತಿ. ಬಹುಮಾನದ 50,000 ಪೌಂಡ್ ಇಬ್ಬರಿಗೂ ಸಮಪಾಲು. ಘೋಷಣೆ: 20 ಮೇ 2025, ಮಂಗಳವಾರ, ಲಂಡನ್.’

ಸಣ್ಣ ಸುದ್ದಿಗೂ ಇದೇ ಅಳತೆ. ಇಬ್ಬರು ಸೇರಿ ಬರೆದ ಲೇಖನವಾದರೆ ಇಬ್ಬರ ಹೆಸರೂ ಬೇಕು. ಜೊತೆಗೆ ಬರೆದವರು ಸಂಶೋಧನಾ ವಿದ್ಯಾರ್ಥಿಯಾಗಿದ್ದರೆ ಅವರ ಹೆಸರು ಬಿಡಲೇಬೇಡಿ. ಗೈಡ್ ಹೆಸರು ಯಾರೂ ಮರೆಯುವುದಿಲ್ಲ, ಆ ಭಯ ಬೇಡ.

ಕ್ರಿಯಾಪದದಲ್ಲೂ ಹುಷಾರು. ಲೇಖನ ‘ಕಳಿಸಿದ್ದಾರೆ’, ‘ಒಪ್ಪಿಗೆಯಾಗಿದೆ’, ‘ಪ್ರಕಟವಾಗಿದೆ’ ಎಂಬುವು ಮೂರು ಬೇರೆ ಬೇರೆ ಹಂತ. ಕಳಿಸಿದ್ದು ಸುದ್ದಿಯಲ್ಲ. ಸಮ್ಮೇಳನಕ್ಕೆ ಹೋಗಿ ಕೂತು ಬಂದವರು ‘ಭಾಗವಹಿಸಿದರು’, ಪ್ರಬಂಧ ಓದಿದವರು ‘ಮಂಡಿಸಿದರು’. ಪಿಎಚ್‌.ಡಿ. ವೈವಾ (ಮೌಖಿಕ ಪರೀಕ್ಷೆ) ಮುಗಿದ ಸಂಜೆಯೇ ಹೆಸರಿನ ಹಿಂದೆ ‘ಡಾ.’ ಹಚ್ಚಬೇಡಿ. ವಿಶ್ವವಿದ್ಯಾಲಯದ ಅಧಿಸೂಚನೆ ಬರಲಿ. ಸಿಹಿ ಮಾತ್ರ ಅವತ್ತೇ ತಿನ್ನಬಹುದು.

ಪತ್ರಿಕೆ ನಿಜವಾದದ್ದಾ?

‘ಅಂತರರಾಷ್ಟ್ರೀಯ ಜರ್ನಲ್‌ನಲ್ಲಿ ಪ್ರಕಟ’ ಅಂತ ಯಾರಾದರೂ ಹೇಳಿದರೆ ಹಾಗೇ ಹಾಕಬೇಡಿ. ಮೊದಲಾದರೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿದ ಪತ್ರಿಕೆಗಳ ‘ಕೇರ್’ ಪಟ್ಟಿ ನೋಡಿ ನಿಶ್ಚಿಂತರಾಗುತ್ತಿದ್ದೆವು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಈಗ ಪತ್ರಿಕೆಯ ಗುಣ ನೋಡುವ ಹೊಣೆ ನಮ್ಮ ನಮ್ಮ ಸಂಸ್ಥೆಗಳದ್ದು.

ಪೆನ್ನು ಹಿಡಿದು ಮಾಡಬಹುದಾದ ಒಂದು ಪರೀಕ್ಷೆ ಇದೆ. ಪತ್ರಿಕೆಯ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್‌ನಲ್ಲಿ 8 ಅಂಕಿ ಇರುತ್ತವೆ. ಕೊನೆಯದು ತಾಳೆ ನೋಡುವ ಅಂಕಿ. ಮೊದಲ ಏಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿ. ಮೊತ್ತವನ್ನು 11ರಿಂದ ಭಾಗಿಸಿ. ಉಳಿದ ಶೇಷವನ್ನು 11ರಿಂದ ಕಳೆದರೆ ಕೊನೆಯ ಅಂಕಿ ಬರಬೇಕು. ಅಮೆರಿಕದ ಮಾಡರ್ನ್ ಲಾಂಗ್ವೇಜ್ ಅಸೋಸಿಯೇಷನ್ (ಎಂಎಲ್‌ಎ) ತರುವ ಪಿಎಂಎಲ್‌ಎ ನಮ್ಮವರೆಲ್ಲ ಹೆಸರು ಕೇಳಿರುವ ಪತ್ರಿಕೆ. ಅದರ ಸಂಖ್ಯೆ 0030-8129. ಸೊನ್ನೆಗಳನ್ನು ಬಿಡಿ. 3×6 ಅಂದರೆ 18, 8×4 ಅಂದರೆ 32, 1×3 ಅಂದರೆ 3, 2×2 ಅಂದರೆ 4. ಒಟ್ಟು 57. ಹನ್ನೊಂದೈದಲಿ 55, ಶೇಷ 2. ಹನ್ನೊಂದರಲ್ಲಿ ಎರಡು ಹೋದರೆ 9. ಕೊನೆಯ ಅಂಕಿ 9 ಇದೆ, ಸರಿಹೋಯಿತು. ಲೆಕ್ಕ 10 ಬಂದರೆ ಅಲ್ಲಿ ‘ಎಕ್ಸ್’ ಅಕ್ಷರ ಇರುತ್ತದೆ. ಶೇಷ ಸೊನ್ನೆಯಾದರೆ ಕೊನೆಯ ಅಂಕಿಯೂ ಸೊನ್ನೆ.

ಲೆಕ್ಕ ಕೂಡಿದ ಮಾತ್ರಕ್ಕೆ ಪತ್ರಿಕೆ ಒಳ್ಳೆಯದು ಅಂತಲ್ಲ. ಬಾಯಿಗೆ ಬಂದ ಸಂಖ್ಯೆ ಅಚ್ಚು ಹಾಕಿಕೊಂಡವರು ಮಾತ್ರ ಇಲ್ಲಿ ಸಿಕ್ಕಿಬೀಳುತ್ತಾರೆ. ಆಮೇಲೆ ಸಂಪಾದಕ ಮಂಡಳಿಯವರು ಯಾರು, ‘ಮೂರು ದಿನದಲ್ಲಿ ಪ್ರಕಟಣೆ’ ಅಂತ ದುಡ್ಡು ಕೇಳುತ್ತಾರಾ ಅಂತ ನೋಡಿ. ಮೂರು ದಿನದಲ್ಲಿ ಯಾರೂ ಏನನ್ನೂ ಓದಿರುವುದಿಲ್ಲ.

ಇನ್ನು ಕೊನೇ ದಿನಗಳು

ಹಾಳೆಯ ಮೇಲಿನ ಅರ್ಧ ಇದಕ್ಕೇ ಮೀಸಲು. ಸುದ್ದಿ ಕೆಳಗಿರಲಿ. ಸುದ್ದಿ ತಡವಾದರೆ ಯಾರಿಗೂ ನಷ್ಟವಿಲ್ಲ.

ಇಲ್ಲಿ ನಾನೇ ಮಾಡಿದ ಒಂದು ಎಡವಟ್ಟು ಹೇಳಬೇಕು. ಅಮೆರಿಕದ ಒಂದು ಸಮ್ಮೇಳನದ ಪ್ರಕಟಣೆಯಲ್ಲಿ ಕೊನೇ ದಿನ 04/07 ಅಂತಿತ್ತು. ಮಾರ್ಚ್ ತಿಂಗಳು. ಜುಲೈ 4 ಅಂದುಕೊಂಡು, ಇನ್ನೂ ಬೇಕಾದಷ್ಟು ಸಮಯ ಇದೆ ಅಂತ ಹಾಳೆಗೆ ಹಾಕಿದೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಅದು ಏಪ್ರಿಲ್ 7 ಆಗಿತ್ತು. ನನ್ನ ಹಾಳೆ ನಂಬಿದ ಸಹೋದ್ಯೋಗಿ ಜೂನ್‌ನಲ್ಲಿ ಅಬ್‌ಸ್ಟ್ರಾಕ್ಟ್ ಸಿದ್ಧ ಮಾಡಿ ಕಳಿಸಿದರು. “ಬಿಡಿ ಮೇಡಂ, ಮುಂದಿನ ವರ್ಷ ನೋಡೋಣ” ಅಂದರು. ನಾಲ್ಕು ಮಾತು ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಅಂದಿನಿಂದ ಹಾಳೆಯಲ್ಲಿ ಬರೀ ಅಂಕಿಯ ತಾರೀಕು ಬಂದ್. ತಿಂಗಳು ಅಕ್ಷರದಲ್ಲಿ, ಪಕ್ಕದಲ್ಲಿ ವಾರ. ‘7 ಏಪ್ರಿಲ್, ಸೋಮವಾರ.’ ವಾರ ಬರೆಯಬೇಕಾದರೆ ಕ್ಯಾಲೆಂಡರ್ ತೆಗೆಯಲೇಬೇಕು. ತೆಗೆದಾಗ ತಪ್ಪು ಕಣ್ಣಿಗೆ ಬೀಳುತ್ತದೆ. ಪ್ರಬಂಧದಲ್ಲಿ ಆಕರಗಳನ್ನು ಬರೆಯಲು ನಾವು ಮಕ್ಕಳಿಗೆ ಕಲಿಸುವ ಎಂಎಲ್‌ಎ ಶೈಲಿಯಲ್ಲೂ ದಿನ, ಅಕ್ಷರದಲ್ಲಿ ತಿಂಗಳು, ವರ್ಷ ಇದೇ ಕ್ರಮ. ಕಲಿಸಿದ್ದನ್ನು ನಾನೇ ಪಾಲಿಸಿರಲಿಲ್ಲ.

ಎರಡನೇ ಗೊಂದಲ ಗಂಟೆಯದ್ದು. ಬುಕರ್ ಘೋಷಣೆ ಲಂಡನ್ನಿನಲ್ಲಿ 20ರ ರಾತ್ರಿ ಆಯಿತು. ಹಾಸನದಲ್ಲಿ ಅಷ್ಟೊತ್ತಿಗೆ 21 ಹುಟ್ಟಿತ್ತು. ಕೊನೇ ದಿನಗಳಿಗೂ ಇದೇ ಆಟ. ‘ರಾತ್ರಿ 11.59, ಜಿಎಂಟಿ’ ಅಂದರೆ ನಮಗೆ ಮರುದಿನ ಬೆಳಗಿನ ಜಾವ 5.29. ‘ಎನಿವೇರ್ ಆನ್ ಅರ್ಥ್’ ಅಂತಿದ್ದರೆ, ಭೂಮಿಯ ಯಾವುದೋ ಮೂಲೆಯಲ್ಲಿ ಆ ತಾರೀಕು ಉಳಿದಿರುವವರೆಗೂ ಅವಕಾಶ ಇದೆ ಅಂತ ಅರ್ಥ. ನಮ್ಮಲ್ಲಿ ಅದು ಮರುದಿನ ಸಂಜೆ 5.29. ಇದನ್ನೆಲ್ಲ ನೀವೇ ಲೆಕ್ಕ ಹಾಕಿ, ಹಾಳೆಯಲ್ಲಿ ಭಾರತದ ಸಮಯ ಒಂದನ್ನೇ ಕೊಡಿ. ಎರಡೂ ಕೊಟ್ಟರೆ ಓದುವವರಿಗೆ ಇನ್ನಷ್ಟು ತಲೆಬಿಸಿ.

ಆದರೆ ಆ ಕೊನೇ ನಿಮಿಷ ನಂಬಿ ಕೂರಲು ನಮ್ಮ ಕಡೆ ಆಗುವುದಿಲ್ಲ. ಜುಲೈ ಮಳೆಯಲ್ಲಿ ಸಕಲೇಶಪುರದಿಂದ ಓಡಾಡುವವರಿಗೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಅದಕ್ಕೇ ಪ್ರತಿ ತಾರೀಕಿನ ಪಕ್ಕ ಇನ್ನೊಂದು ತಾರೀಕು ಹಾಕುತ್ತೇನೆ: ‘ಎಚ್‌ಒಡಿ ಸಹಿಗೆ ಯಾವತ್ತಿನೊಳಗೆ.’ ಹೊರಗಿನ ಕೊನೇ ದಿನಕ್ಕಿಂತ ಐದು ಕೆಲಸದ ದಿನ ಮೊದಲು. ಜಾಸ್ತಿ ಜನ ತಪ್ಪಿಸಿಕೊಳ್ಳುವುದು ಈ ಒಳಗಿನ ದಿನವನ್ನೇ.

‘ಕೆಲಸದ ದಿನ’ ಎಣಿಸುವಾಗ ಹಾಸನಾಂಬೆಯನ್ನು ಮರೆಯಬೇಡಿ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಗುಡಿ ಬಾಗಿಲು ತೆಗೆದರೆ, ದೀಪಾವಳಿಯ ಬಲಿಪಾಡ್ಯಮಿ ಹೊತ್ತಿಗೆ ಮುಚ್ಚುವ ತನಕ ಊರಿಗೆ ಊರೇ ಜನ. ಆಟೋ ಸಿಗುವುದಿಲ್ಲ. ಕಚೇರಿಯಲ್ಲಿ ಅರ್ಧ ಜನ ನೆಂಟರಿಗೆ ದರ್ಶನ ಮಾಡಿಸಲು ಹೋಗಿರುತ್ತಾರೆ. ಆ ದಿನಗಳಲ್ಲಿ ಸಹಿಗೆ ದಿನ ಇಟ್ಟರೆ ಸಹಿ ಸಿಗುವುದಿಲ್ಲ. ಮೊದಲೇ ಮುಗಿಸಿಕೊಳ್ಳಿ.

ಉಳಿದಂತೆ ಪ್ರತಿ ವರ್ಷ ಬರುವ ದಿನಗಳು. ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ಎನ್‌ಇಟಿಯ ಜೂನ್ ಮತ್ತು ಡಿಸೆಂಬರ್ ಸುತ್ತು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಕೆ-ಸೆಟ್, ಆಂತರಿಕ ಮೌಲ್ಯಮಾಪನದ (ಐಎ) ಅಂಕ ಏರಿಸುವ ದಿನ, ಉತ್ತರ ಪತ್ರಿಕೆ ತಿದ್ದುವ ವ್ಯಾಲ್ಯುಯೇಶನ್ ಡ್ಯೂಟಿ. ಅರ್ಜಿಗೂ ಶುಲ್ಕಕ್ಕೂ ಬೇರೆ ಬೇರೆ ಕೊನೇ ದಿನ ಇದ್ದರೆ ಎರಡು ಸಾಲು ಮಾಡಿ.

ಪಿಎಚ್‌.ಡಿ. ವಿದ್ಯಾರ್ಥಿಗಳದ್ದು ಬೇರೆಯೇ ಪುಟ್ಟ ಪಟ್ಟಿ ಇರಲಿ. ಯುಜಿಸಿಯ 2022ರ ನಿಯಮದ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕು. ನೋಂದಣಿಯಾದ ದಿನ ಯಾವುದು ಅಂತ ಕೇಳಿದರೆ ನಾಲ್ಕನೇ ವರ್ಷದವರು ಮೊಬೈಲಿನಲ್ಲಿ ಹುಡುಕಲು ಶುರುಮಾಡುತ್ತಾರೆ. ಹೆಸರಿನ ಮುಂದೆ ಆ ದಿನವನ್ನು ನೀವೇ ಬರೆದಿಡಿ.

ಹಂಚುವುದು

ವಾಟ್ಸ್‌ಆ್ಯಪ್‌ನಲ್ಲಿ ಹಾಳೆಯ ಫೋಟೋ ಹಾಕಬೇಡಿ. ಪಿಡಿಎಫ್ ಹಾಕಿ, ಕೊನೇ ದಿನಗಳನ್ನು ಮಾತ್ರ ಅದರ ಕೆಳಗೆ ಟೈಪ್ ಮಾಡಿ. ಹಾಗಿದ್ದರೆ ಆಮೇಲೆ ಹುಡುಕಿದಾಗ ಸಿಗುತ್ತದೆ. ಗ್ರೂಪಿನಲ್ಲಿ ಅತಿಥಿ ಉಪನ್ಯಾಸಕರೆಲ್ಲ ಇದ್ದಾರಾ ಅಂತ ಸೆಮಿಸ್ಟರ್ ಶುರುವಿನಲ್ಲಿ ಒಮ್ಮೆ ನೋಡಿ. ನಮ್ಮ ಗ್ರೂಪಿನಲ್ಲಿ ಕೆಲಸ ಬಿಟ್ಟು ಹೋದವರು ಮೂವರು ಇದ್ದರು, ಸ್ಟಾಫ್ ರೂಮಿಗೆ ಬಾರದ ಇಬ್ಬರು ಇರಲಿಲ್ಲ.

ಅಚ್ಚು ಹಾಕಿದ ಪ್ರತಿಯೂ ನೋಟಿಸ್ ಬೋರ್ಡಿಗೆ ಬೇಕು. ಎಂಎ ಮಕ್ಕಳು ನೋಡುವುದು ಅದನ್ನೇ. ಮುಗಿದ ದಿನಗಳ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಬೋರ್ಡಿಗೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೀ ಅಟೆಂಡರ್ ಹತ್ತಿರ. ಅವರು ನಾಲ್ಕೂವರೆಯ ಹೊಳೆನರಸೀಪುರ ಬಸ್ ಹಿಡಿಯುತ್ತಾರೆ. ಹಾಗಾಗಿ ನಮ್ಮ ಹಾಳೆಗೆ ಸುದ್ದಿ ಕೊಡಲು ಕೊನೇ ಸಮಯ ಗುರುವಾರ ಮಧ್ಯಾಹ್ನ ಮೂರು ಗಂಟೆ, ಭಾರತದ ಸಮಯ.