ಮರದಕ್ಷರ, ಮೊಳೆ ಮತ್ತು ಒಂದು ಕುಸ್ತಿ ಪೋಸ್ಟರ್

ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಪುಸ್ತಕ, ಲಗ್ನಪತ್ರಿಕೆ, ನಾಟಕ ಕಂಪನಿಗಳ ಹ್ಯಾಂಡ್‌ಬಿಲ್ಲು, ಹೀಗೆ ಏನೇನೋ ಇಲ್ಲಿ ಅಚ್ಚಾಗಿ ಊರೂರಿಗೆ ಹೋಗಿವೆ. ಈಗ ಆ ಕೆಲಸವೆಲ್ಲ ಆಫ್‌ಸೆಟ್ಟಿಗೆ ಹೋಗಿದೆ, ಪೋಸ್ಟರಂತೂ ಪೂರ್ತಿ ಫ್ಲೆಕ್ಸಿನ ಪಾಲಾಗಿದೆ. ನಾನು ಇನ್ನೂ 12×18 ಇಂಚಿನ ಒಂದು ಟ್ರೆಡಲ್ ಮಷೀನು (ಹಳೇ ಕಾಲದ ಸಣ್ಣ ಅಚ್ಚಿನ ಯಂತ್ರ), ಕನ್ನಡ ಮೊಳೆಗಳ, ಅಂದರೆ ಸೀಸದ ಅಚ್ಚಕ್ಷರಗಳ, ಕೇಸುಗಳು (ಖಾನೆಗಳಿರುವ ತಟ್ಟೆಗಳು), ಅರೆಬರೆ ಉಳಿದ ಒಂದು ಸೆಟ್ ಮರದಕ್ಷರ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೇನೆ. ಮೊಳೆ ಜೋಡಿಸಿ ಪೋಸ್ಟರ್ ಮಾಡುವುದು ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಇತ್ತೀಚೆಗೆ ಮಾಡಿದ ಒಂದು ಕೆಲಸವನ್ನೇ ಹಿಡಿದು ಹೇಳುತ್ತೇನೆ.

ಪಕ್ಕದ ಹಳ್ಳಿಯ ಜಾತ್ರೆ ಕಮಿಟಿಯವರು ಬಂದಿದ್ದರು. ಜಾತ್ರೆಯ ಮರುದಿನ ಕುಸ್ತಿ. "ಅಣ್ಣಾರ, ಎಲ್ಲಾರೂ ಫ್ಲೆಕ್ಸ್ ಹಾಕ್ತಾರ. ನಮ್ಮ ಹಿರ‍್ಯಾರ ಕಾಲದಾಗ ಗ್ವಾಡಿಗೆ ಹಚ್ಚತಿದ್ರಲ್ಲ, ಅಂಥಾ ಪೋಸ್ಟರ್ ಮಾಡಿ ಕೊಡ್ರಿ. ಬಸ್ಸಿನ್ಯಾಗ ಕುಂತವ್ರಿಗೂ ಕಾಣಬೇಕು" ಅಂದರು. ಶೀರ್ಷಿಕೆ ಏನು ಅಂತ ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಕಡೆ ಅದು ಯಾವಾಗಲೂ 'ಜಂಗೀ ನಿಕಾಲಿ ಕುಸ್ತಿಗಳು', ಅಂದರೆ ಸೋಲು-ಗೆಲುವು ತೀರ್ಮಾನ ಆಗುವ ಭಾರೀ ಕುಸ್ತಿಗಳು.

ಮೊದಲು ಹಾಳೆಯ ಲೆಕ್ಕ. ಡಬಲ್ ಕ್ರೌನ್ ಹಾಳೆ 20×30 ಇಂಚು. ಅದರ ಅರ್ಧ 15×20, ಕಾಲು 10×15. ನನ್ನ ಮಷೀನಿಗೆ ಹಿಡಿಸುವುದು ಕಾಲು ಹಾಳೆ ಮಾತ್ರ. ಗೋಡೆಗೆ ಅದು ತೀರಾ ಸಣ್ಣದು. ಹಾಗಾಗಿ ಪೋಸ್ಟರನ್ನು ಎರಡು ತುಂಡು ಮಾಡಿದೆ. ಮೇಲಿನದರಲ್ಲಿ ಶೀರ್ಷಿಕೆ, ಚಿತ್ರ, ದಿನಾಂಕ. ಕೆಳಗಿನದರಲ್ಲಿ ಪೈಲ್ವಾನರ ಜೋಡಿಗಳು. ಗೋಡೆಯ ಮೇಲೆ ಒಂದರ ಕೆಳಗೊಂದು ಹಚ್ಚುತ್ತಾರೆ. ಹಚ್ಚುವವರ ಕೈ ಅರ್ಧ ಇಂಚು ಆಚೀಚೆ ಆಗೇ ಆಗುತ್ತದೆ. ಆದ್ದರಿಂದ ಎರಡೂ ತುಂಡು ಸೇರುವ ಕಡೆ ಅಕ್ಷರ ಬರಬಾರದು, ಗೆರೆಯೂ ಬೇಡ. ಸುತ್ತ ಬಾರ್ಡರ್ ಹಾಕಿ ಅಂತ ಕಮಿಟಿಯವರು ಕೇಳಿದ್ದರು. ಅದನ್ನು ಬಿಡಿಸಿದ್ದು ಇದೇ ಕಾರಣಕ್ಕೆ. ಎರಡು ಹಾಳೆಯ ಬಾರ್ಡರ್ ಗೋಡೆಯ ಮೇಲೆ ಕೂಡುವುದೇ ಇಲ್ಲ, ಸೊಟ್ಟಗೆ ಕಂಡರೆ ಇಡೀ ಪೋಸ್ಟರ್ ಕೆಡುತ್ತದೆ.

ಆಮೇಲೆ ಶೀರ್ಷಿಕೆ. ಮರದಕ್ಷರವನ್ನು 'ಲೈನ್' ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಲೈನ್ ಅಂದರೆ 12 ಪಾಯಿಂಟ್, ಇಂಚಿನ ಆರನೇ ಒಂದು ಭಾಗ. ನನ್ನ ಸೆಟ್ 12 ಲೈನಿನದು, ಅಂದರೆ ಎರಡಿಂಚು ಎತ್ತರ. 'ಕುಸ್ತಿಗಳು' ಜೋಡಿಸಲು ಕ, ಕೊಂಬು, ಸಿ, ತ ಒತ್ತು, ಗ, ಳ, ಮತ್ತೆ ಕೊಂಬು ಬೇಕು. ನಾಲ್ಕೇ ಅಕ್ಷರ, ಏಳು ತುಂಡು. ಕನ್ನಡ ಕೇಸು ಇಂಗ್ಲಿಷಿನದಕ್ಕಿಂತ ಅಷ್ಟು ದೊಡ್ಡದು ಯಾಕೆ ಅಂತ ಇಲ್ಲೇ ಗೊತ್ತಾಗುತ್ತದೆ. ಎಲ್ಲಾ ತುಂಡು ಸಿಕ್ಕವು, ತ ಒತ್ತು ಮಾತ್ರ ಇರಲಿಲ್ಲ.

ಸೀಸದ ಮೊಳೆಯಲ್ಲಿ ಒತ್ತು ಅಕ್ಷರದ ಬಲಕ್ಕೆ, ಸ್ವಲ್ಪ ಕೆಳಗೆ ಕೂರುತ್ತದೆ. ಯಾಕಂದರೆ ಅದು ಬೇರೆಯೇ ಮೊಳೆ, ಅದಕ್ಕೂ ಸಾಲಿನಲ್ಲಿ ಜಾಗ ಬೇಕು. ಹಳೆಯ ಕನ್ನಡ ಪುಸ್ತಕ ತೆರೆದು ನೋಡಿ, ಒತ್ತುಗಳು ಬಲಕ್ಕೆ ಸರಿದಿರುತ್ತವೆ. ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ಕಲ್ಲಚ್ಚಿಗೆ ಈ ಕಟ್ಟು ಇರಲಿಲ್ಲ. 1843ರಲ್ಲಿ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಶುರುವಾದದ್ದು ಕಲ್ಲಚ್ಚಿನಲ್ಲೇ. ಅಲ್ಲಿ ಬರೆದದ್ದೇ ಅಚ್ಚಾಗುತ್ತದೆ, ಒತ್ತನ್ನು ಕೈಗೆ ಬಂದ ಹಾಗೆ ಎಳೆಯಬಹುದು.

ಹೇಗೂ ಒತ್ತನ್ನು ನಾನೇ ಕೆತ್ತಬೇಕಲ್ವಾ, ಹಾಗಾದರೆ ಕೈಬರಹದಲ್ಲಿ ಇರುವ ಹಾಗೆ ನೇರ ಅಕ್ಷರದ ಕೆಳಗೇ ಯಾಕೆ ಇಡಬಾರದು ಅಂತ ನೋಡಿದೆ. ಲೈನೋ, ಅಂದರೆ ಕೆತ್ತಲು ಮೆತ್ತಗಿರುವ ಲಿನೋಲಿಯಂ ಹಾಳೆಯ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದು ಕೆತ್ತಿದೆ. 'ಸಿ' ಕೆಳಗೆ ಒಂದಿಂಚು ಇಳಿಯುವ ದಪ್ಪ ಒತ್ತು. ಆಗ ಶೀರ್ಷಿಕೆಯ ಕೆಳಗೆ ಒತ್ತಿನ ಎಡಕ್ಕೂ ಬಲಕ್ಕೂ ಒಂದಿಂಚು ಎತ್ತರದ ಜಾಗ ಖಾಲಿ ಉಳಿಯಿತು. ಎಡಕ್ಕೆ ದಿನಾಂಕ ಇಟ್ಟೆ, ಬಲಕ್ಕೆ ಸ್ಥಳ. ಒತ್ತು ನಡುವೆ ಗೂಟದ ಹಾಗೆ ನಿಂತಿತು. ಈ ಪೋಸ್ಟರಿನ ಇಡೀ ವಿನ್ಯಾಸ ಹುಟ್ಟಿದ್ದು ಆ ಒಂದು ತ ಒತ್ತಿನಿಂದ. ಕನ್ನಡದಲ್ಲಿ ಪೋಸ್ಟರ್ ಮಾಡುವವರು ಶೀರ್ಷಿಕೆಯಲ್ಲಿ ಕೆಳಕ್ಕೆ ಏನು ಇಳಿಯುತ್ತದೆ ಅಂತ ಮೊದಲು ನೋಡಬೇಕು. ಒತ್ತನ್ನು ಸಣ್ಣದು ಮಾಡಿ ಸಾಲಿನೊಳಗೆ ತುರುಕಿದರೆ ದೂರದಿಂದ ಅದು ಬರೀ ಚುಕ್ಕೆ.

ಪೈಲ್ವಾನರ ಚಿತ್ರವೂ ಲೈನೋ. ಇಬ್ಬರು ಕೈಗೆ ಕೈ ಹಾಕಿ, ತಲೆಗೆ ತಲೆ ಕೊಟ್ಟು ನಿಂತಿರುವುದು. ಲೈನೋ ಕೆತ್ತುವಾಗ ಎತ್ತರದ ಲೆಕ್ಕ ಬಹಳ ಮುಖ್ಯ. ಮೊಳೆಯ ಎತ್ತರ 0.918 ಇಂಚು, ಅಂದರೆ ಸುಮಾರು 23.3 ಮಿಲಿಮೀಟರ್. ಲೈನೋ 3.2, ಅದರ ಕೆಳಗೆ 18 ಮಿಲಿಮೀಟರ್ ಪ್ಲೈವುಡ್. ಉಳಿದ ಎರಡು ಮಿಲಿಮೀಟರನ್ನು ರಟ್ಟು ಮತ್ತು ಹಳೇ ಪೇಪರ್ ಹಾಕಿ ತುಂಬಬೇಕು. ಮರದಕ್ಷರಗಳು ಸವೆದಿರುತ್ತವೆ. ನನ್ನ 'ಗ' ಮತ್ತು 'ಳ' ಅಕ್ಕಪಕ್ಕ ಇಟ್ಟು ಬೆರಳಾಡಿಸಿದರೆ ಗ ಕೂದಲೆಳೆಯಷ್ಟು ತಗ್ಗು. ಅದರ ಬುಡಕ್ಕೆ ಒಂದು ಪದರ ನ್ಯೂಸ್‌ಪ್ರಿಂಟ್ ಅಂಟಿಸಿದೆ. ಪ್ರೂಫ್ ತೆಗೆದು, ಮಸಿ ತೆಳುವಾದ ಕಡೆ ಇನ್ನೊಂದು ಚೂರು, ಮತ್ತೆ ಪ್ರೂಫ್. ಹೆಚ್ಚು ಹೊತ್ತು ಹಿಡಿಯುವುದು ಇದೇ. ಇದನ್ನು ಬೇಸರ ಅಂದುಕೊಂಡವರು ಟ್ರೆಡಲ್ ಹತ್ತಿರ ಬರಬೇಡಿ.

ಬಣ್ಣ ಎರಡೇ. ಚಿತ್ರ ಮತ್ತು 'ಕುಸ್ತಿಗಳು' ಕೆಂಪು, ಮಿಕ್ಕದ್ದು ಕಪ್ಪು. ಎರಡೂ ಬಣ್ಣದ ಭಾಗಗಳನ್ನು ಮೊದಲು ಒಟ್ಟಿಗೇ ಜೋಡಿಸಿ ಚೇಸಿನಲ್ಲಿ, ಅಂದರೆ ಕಬ್ಬಿಣದ ಚೌಕಟ್ಟಿನಲ್ಲಿ, ಬಿಗಿ ಮಾಡಬೇಕು. ಆಮೇಲೆ ಕಪ್ಪಿನ ಭಾಗ ಎತ್ತಿ, ಅಷ್ಟೇ ಅಳತೆಯ ಫರ್ನಿಚರ್ (ಮಸಿ ತಾಗದಷ್ಟು ತಗ್ಗಿರುವ ಮರದ ತುಂಡು) ಕೂರಿಸಿ ಕೆಂಪು ಹೊಡೆಯಬೇಕು. ಕೆಂಪು ಮುಗಿದ ಮೇಲೆ ಅದನ್ನು ತೆಗೆದು ಕಪ್ಪನ್ನು ಅದರದರ ಜಾಗಕ್ಕೆ ವಾಪಸ್ ಇಡಬೇಕು. ಹೀಗೆ ಮಾಡಿದರೆ ಎರಡು ಬಣ್ಣ ಒಂದರ ಮೇಲೊಂದು ಹತ್ತುವುದಿಲ್ಲ. ಅಚ್ಚಿನ ಕೆಲಸದಲ್ಲಿ ಖಾಲಿ ಜಾಗ ಅಂದರೆ ಬರೀ ಖಾಲಿ ಅಲ್ಲ. ಪ್ರತಿ ಇಂಚಿಗೂ ಮರವೋ ಸೀಸವೋ ಕೂತಿರಲೇಬೇಕು, ಇಲ್ಲಾಂದ್ರೆ ಚೇಸ್ ಎತ್ತಿದ ಕೂಡಲೇ ಎಲ್ಲಾ ಸುರಿದು ಬೀಳುತ್ತದೆ. ಬಿಗಿಯಾಗಿದೆಯಾ ಅಂತ ನೋಡಲು ನಾನು ಚೇಸಿನ ಒಂದು ಮೂಲೆಯ ಕೆಳಗೆ ಚೂರು ಮರ ಇಟ್ಟು, ಮೊಳೆಗಳ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತುತ್ತೇನೆ. ಒಂದೇ ಒಂದು ಅಲುಗಾಡಿದರೂ ಬೆಣೆ ಸಡಿಲಿಸಿ ಮತ್ತೆ ಮೊದಲಿಂದ.

ಕೆಂಪು ಚಿತ್ರದಲ್ಲಿ ಮಸಿ ತುಂಬಬೇಕಾದ ಜಾಗ ಜಾಸ್ತಿ ಇತ್ತು. ಟ್ರೆಡಲ್ಲಿನ ರೋಲರ್ ಒಂದು ಸಲ ಓಡಿದರೆ ಅಷ್ಟು ಮಸಿ ಕೊಡುವುದಿಲ್ಲ. ಒತ್ತಡ ತಪ್ಪಿಸುವ ಹಿಡಿ ಎಳೆದು ರೋಲರನ್ನು ಎರಡು ಸಲ ಓಡಿಸಿ, ಆಮೇಲೆ ಅಚ್ಚು ಹಾಕಿದೆ. ಕೆಲಸ ಅರ್ಧ ವೇಗಕ್ಕೆ ಇಳಿಯಿತು, ಕೆಂಪು ಮಾತ್ರ ಗರಡಿ ಮಣ್ಣಿನ ಹಾಗೆ ತುಂಬಿ ಬಂತು. ಬೇಸಿಗೆಯಲ್ಲಿ ಮಸಿ ಸಡಿಲವಾಗಿ ಕೆತ್ತಿದ ಗೆರೆಗಳೊಳಗೆ ಹರಿಯುತ್ತದೆ. ಹಾಗಾಗಿ ಕೆಂಪನ್ನು ಬೆಳಿಗ್ಗೆ ತಂಪಿರುವಾಗಲೇ ಮುಗಿಸುತ್ತಿದ್ದೆ.

ಕೆಳಗಿನ ಹಾಳೆ ಪೂರ್ತಿ ಸೀಸದ ಮೊಳೆಯ ಕೆಲಸ. ಎಡಕ್ಕೆ ಒಬ್ಬ ಪೈಲ್ವಾನ, ಬಲಕ್ಕೆ ಇನ್ನೊಬ್ಬ, ನಡುವೆ 'ವಿರುದ್ಧ'. ಹೆಸರು 24 ಪಾಯಿಂಟ್, ಊರು ಮತ್ತು ಗರಡಿಯ ಹೆಸರು ಕೆಳಗೆ 12 ಪಾಯಿಂಟ್. ಕಮಿಟಿಯ ಹಿರಿಯರೊಬ್ಬರು ಪ್ರೂಫ್ ನೋಡಿ, "ನಮ್ಮೂರ ಹುಡುಗನ ಹೆಸರು ಒಂಚೂರು ದೊಡ್ಡದು ಮಾಡ್ರಲಾ" ಅಂದರು. ನಾನು ಒಪ್ಪಲಿಲ್ಲ. "ಯಜಮಾನ್ರ, ಆಚೆ ಊರಿನವ್ರು ಇದನ್ನ ಓದೇ ಬರ‍್ತಾರ. ಕಣಕ್ಕ ಇಳಿಯೋ ಮೊದಲ ಸೋತಂಗ ಕಾಣಬಾರದು" ಅಂದೆ. ನಕ್ಕು ಒಪ್ಪಿದರು. ಒಬ್ಬನ ಹೆಸರು ಚಿಕ್ಕದು, ಇನ್ನೊಬ್ಬನದು ಸಾಲು ತುಂಬುವಷ್ಟು ಉದ್ದ ಇದ್ದರೂ ಅಳತೆ ಒಂದೇ ಇರಬೇಕು. ಚಿಕ್ಕ ಹೆಸರಿನ ಎರಡೂ ಬದಿಗೆ ಕ್ವಾಡ್, ಅಂದರೆ ಅಕ್ಷರವಿಲ್ಲದ ಸೀಸದ ತುಂಡು, ಹಾಕಿ ನಡುವಿಗೆ ತರುತ್ತೇನೆ.

ತೀರಾ ಕೆಳಗೆ, ಎಲ್ಲಕ್ಕಿಂತ ಸಣ್ಣ ಮೊಳೆಯಲ್ಲಿ ಮುದ್ರಣಾಲಯದ ಹೆಸರು ಮತ್ತು ಊರು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ ಅಚ್ಚಾದ ಕಾಗದದ ಮೇಲೆ ಮುದ್ರಕರ ಹೆಸರು, ಅಚ್ಚಾದ ಜಾಗ ಇರಬೇಕು ಅಂತ ಹೇಳುತ್ತಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ 2023ರ ಕಾಯ್ದೆ ಬಂದಿದೆ. ಆದರೂ ಆ ಸಾಲನ್ನು ನಾನು ಬಿಡುವುದಿಲ್ಲ. ಮಾಡಿದವನ ಹೆಸರು ಕೆಲಸದ ಮೇಲೆ ಇರಲಿ.

ಇನ್ನೊಂದು ಮಾತು ಹೇಳಲೇಬೇಕು. ಈಗ ಲೆಟರ್‌ಪ್ರೆಸ್ ಅಂದರೆ ದಪ್ಪ ಹಾಳೆಯಲ್ಲಿ ಅಕ್ಷರ ಗುಳಿ ಬೀಳುವ ಹಾಗೆ ಒತ್ತುವುದು ಅಂತ ಆಗಿಬಿಟ್ಟಿದೆ. ಲಗ್ನಪತ್ರಿಕೆಗೆ ಹಾಗೆ ಕೇಳಿಕೊಂಡು ಬರುತ್ತಾರೆ. ಪಾಲಿಮರ್ ಪ್ಲೇಟು (ಪ್ಲಾಸ್ಟಿಕ್ಕಿನ ಅಚ್ಚು) ಮಾಡಿಸಿದ್ದರೆ ಒತ್ತಲಿ, ತಪ್ಪಿಲ್ಲ. ಸೀಸದ ಮೊಳೆಗೆ ಹಾಗೆ ಮಾಡುವುದು ಅನ್ಯಾಯ. ಮೊಳೆ ಜೋಡಿಸುವ ಹಳೇ ಕಂಪೋಸಿಟರುಗಳು ಅಚ್ಚಾದ ಹಾಳೆ ತಿರುಗಿಸಿ ಬೆನ್ನ ಮೇಲೆ ಬೆರಳಾಡಿಸುತ್ತಿದ್ದರು. ಅಕ್ಷರ ಬೆರಳಿಗೆ ಸಿಕ್ಕರೆ ಒತ್ತಡ ಜಾಸ್ತಿ ಆಗಿದೆ ಅಂತ ಅರ್ಥ. ಸೀಸ, ಆಂಟಿಮನಿ, ತವರ ಸೇರಿಸಿ ಎರಕ ಹೊಯ್ದ ಮೊಳೆ ಅದು. ಮಿತಿ ಮೀರಿ ಒತ್ತಿದರೆ ತಲೆಕಟ್ಟು ಚಪ್ಪಟೆಯಾಗುತ್ತದೆ, ಒತ್ತಿನ ತುದಿ ಮುರಿಯುತ್ತದೆ. ಹೊಸ ಕನ್ನಡ ಮೊಳೆ ಬೇಕು ಅಂದರೆ ಸುಲಭಕ್ಕೆ ಸಿಗುವುದಿಲ್ಲ. ಒಂದೊಂದು ಪ್ರೆಸ್ ಮುಚ್ಚಿದಾಗಲೂ ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವುದನ್ನು ಕಂಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಇರುವುದನ್ನು ಉಳಿಸಿಕೊಳ್ಳುವ ದಾರಿ ಒಂದೇ, ಮೆತ್ತಗೆ ಅಚ್ಚು ಹಾಕುವುದು.

ಕಾಗದ ತೆಳು ಹಳದಿ ಪೋಸ್ಟರ್ ಪೇಪರ್. ದಪ್ಪ ಹಾಳೆ ನೋಡಲು ಚೆಂದ, ಆದರೆ ಅಂಟಿಗೆ ನೆನೆಯುವುದಿಲ್ಲ, ಮೂಲೆ ಮೇಲೇಳುತ್ತದೆ. ತೆಳು ಹಾಳೆ ಮೈದಾ ಅಂಟಿನಲ್ಲಿ ನೆನೆದು ಗೋಡೆಯ ಉಬ್ಬುತಗ್ಗಿಗೂ ಕೂರುತ್ತದೆ. ಅಂಟು ಕುದಿಸುವಾಗ ಸ್ವಲ್ಪ ಮೈಲುತುತ್ತ ಹಾಕಲು ಹುಡುಗರಿಗೆ ಹೇಳಿ ಕಳಿಸಿದೆ. ಹುಳ ಹತ್ತುವುದಿಲ್ಲ. ಅದು ವಿಷ, ಕೈ ಚೆನ್ನಾಗಿ ತೊಳೆಯಬೇಕು, ದನಗಳ ಬಾಯಿಗೆ ಎಟುಕದಷ್ಟು ಎತ್ತರಕ್ಕೆ ಹಚ್ಚಬೇಕು ಅಂತಲೂ ಹೇಳಿದೆ.

ಕೆಲಸ ಮುಗಿದ ಮೇಲೆ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಅವುಗಳ ಖಾನೆಗೆ ಹಾಕಿದೆ. ಶೀರ್ಷಿಕೆಯನ್ನು ಮಾತ್ರ ಬಿಚ್ಚಿಲ್ಲ, ದಾರ ಸುತ್ತಿ ಗ್ಯಾಲಿಯಲ್ಲಿ (ಜೋಡಿಸಿದ ಮೊಳೆ ಇಡುವ ತಟ್ಟೆಯಲ್ಲಿ) ಹಾಗೇ ಇಟ್ಟಿದ್ದೇನೆ. ಕುಸ್ತಿ ಪ್ರತಿ ವರ್ಷ ಇರುತ್ತದೆ, ಬದಲಾಗುವುದು ದಿನಾಂಕ ಮತ್ತು ಜೋಡಿಗಳಷ್ಟೇ. ಲೈನೋ ಒತ್ತಿನ ಅಂಚು ಆಗಲೇ ಸ್ವಲ್ಪ ಸವೆದಿದೆ. ಅದನ್ನೇ ಸಾಗವಾನಿಯಲ್ಲಿ ಕೆತ್ತಿಕೊಡಲು ನಮ್ಮ ಓಣಿಯ ಬಡಿಗೇರ ಕಾಕಾಗೆ ಕೊಟ್ಟಿದ್ದೇನೆ. ತ ಆದ ಮೇಲೆ ಲ ಒತ್ತು, ಯ ಒತ್ತು ಕೂಡ ಮಾಡಿಸಬೇಕು.