ಹಾಡು ಅವರದು, ಮೈಕು ಹಿಡಿಯುವುದಷ್ಟೇ ನಮ್ಮದು

ಟರ್ಕಿ, ಸಿರಿಯಾ, ಇರಾಕ್, ಇರಾನ್‌ಗಳಲ್ಲಿ ಹಂಚಿಹೋದ ಕುರ್ದ್ ಜನಾಂಗದ ಕ್ರೈಸ್ತ ವಿಶ್ವಾಸಿಗಳ ನಡುವೆ ಆರಾಧನಾ ಸಂಗೀತದ ಸೇವೆ ಮಾಡುತ್ತೇನೆ ಎಂದ ಕೂಡಲೇ ಊರಿನವರು ಕೇಳುವ ಪ್ರಶ್ನೆ, ‘ಅವರಿಗೆ ಯಾವ ಹಾಡು ಕಲಿಸುತ್ತೀರಿ?’ ಯಾವುದನ್ನೂ ಕಲಿಸುವುದಿಲ್ಲ. ನಾನು ಮಂಗಳೂರಿನವಳು, ಚರ್ಚಿನ ಗಾಯನ ತಂಡದಲ್ಲೇ ಬೆಳೆದವಳು. ಮದುವೆಯಾಗಿ ಜರ್ಮನಿಯ ಸ್ಟುಟ್‌ಗಾರ್ಟ್ ಸೇರಿದೆ. ಸಿರಿಯಾದ ಕಾಮಿಶ್ಲಿ, ಕೊಬಾನಿ, ಅಫ್ರಿನ್ ಕಡೆಯಿಂದ ಬಂದ ಕುರ್ದರ ಒಂದು ಸಣ್ಣ ಕೂಟ ಇಲ್ಲಿ ಭಾನುವಾರ ಸಂಜೆ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತದೆ. ಅವರು ತಮ್ಮ ಹಾಡು ತಾವೇ ಕಟ್ಟುವಾಗ ಪಕ್ಕದಲ್ಲಿ ಕುಳಿತು ಸ್ವರ ಬರೆದುಕೊಳ್ಳುವುದು, ಧ್ವನಿಮುದ್ರಿಸಿಕೊಡುವುದು, ಇಷ್ಟೇ ನನ್ನ ಕೆಲಸ.

ನಾನು ಹೋಗುವ ಮೊದಲು ಅಲ್ಲಿ ಗಿಟಾರ್ ಇತ್ತು. ಒಳ್ಳೆಯ ಮನಸ್ಸಿನ ಮಿಷನರಿ ದಂಪತಿ ಇಂಗ್ಲಿಷ್ ಭಜನೆಗಳನ್ನು ಅವರಾಡುವ ಕುರ್ದಿಷ್ ಆದ ಕುರ್ಮಾಂಜಿ ಭಾಷೆಗೆ ಅನುವಾದಿಸಿ ಹಾಡಿಸುತ್ತಿದ್ದರು. ಜನ ಮರ್ಯಾದೆಗೆಂಬಂತೆ ಹಾಡಿ ಕುಳಿತುಕೊಳ್ಳುತ್ತಿದ್ದರು. ಆಮೇಲೆ ಚಹಾದ ಹೊತ್ತಿಗೆ ಯಾರೋ ಸಾಜ್ ಎಂಬ ಉದ್ದ ಕತ್ತಿನ ತಂತಿವಾದ್ಯ ಕೈಗೆತ್ತಿಕೊಂಡರೆ, ಅದೇ ಜನರ ಗಂಟಲು ತೆರೆದುಕೊಳ್ಳುತ್ತಿತ್ತು.

ಇದು ನನಗೆ ಹೊಸದೇನಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಹಿಂದೆಯೇ ಜರ್ಮನ್ ರಾಗಗಳೂ ಬಂದವು. ಆ ರಾಗಗಳಲ್ಲಿ ಚರ್ಚಿನ ಕನ್ನಡ ಸಂಗೀತಗಳನ್ನು (ಹಾಡುಗಳನ್ನು) ಹಾಡುತ್ತ ಬೆಳೆದ ನಮಗೆ ಲಘು ಅಕ್ಷರವನ್ನು ಎರಡು ಮಾತ್ರೆ ಎಳೆಯುವುದು, ಗುರುವನ್ನು ನುಂಗುವುದು ಅಭ್ಯಾಸವಾಗಿಹೋಗಿದೆ. ಅವುಗಳ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ, ಅಜ್ಜಿಯನ್ನು ಮಣ್ಣು ಮಾಡಿದ್ದೇ ಅಂಥ ಹಾಡಿನೊಂದಿಗೆ. ಆದರೆ ಅದೇ ಮಿಷನ್ನಿನ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ ಬರೆದಾಗ ಯೇಸುವಿನ ಚರಿತ್ರೆಯನ್ನು ಹೇಳಲು ನಮ್ಮ ಛಂದಸ್ಸನ್ನೇ ಹಿಡಿದರು. ನಿಘಂಟಿನ ಕಿಟ್ಟೆಲ್‌ಗಿಂತ ಈ ಕಿಟ್ಟೆಲ್ ನನಗೆ ಹೆಚ್ಚು ಬೇಕಾದವರು.

ಮೊದಲ ತೊಡಕು ಕೀಬೋರ್ಡಿನದು. ಕುರ್ದ್ ಹಾಡುಗಳು ನಮ್ಮ ರಾಗಗಳಂಥ ಮಕಾಮ್‌ಗಳಲ್ಲಿ ನಡೆಯುತ್ತವೆ. ಹಿಜಾಜ್ ಮಕಾಮಿನ ಮೊದಲ ನಾಲ್ಕು ಸ್ವರ ನಮ್ಮ ಮಾಯಾಮಾಳವಗೌಳದ ಸರಿಗಮದಂತೆ. ಕುರ್ದ್ ಎಂಬ ಹೆಸರಿನ ಮಕಾಮಿನದು ತೋಡಿಯಂತೆ. ಇವೆರಡೂ ಕೀಬೋರ್ಡಿನಲ್ಲಿ ತಕ್ಕಮಟ್ಟಿಗೆ ನುಡಿಯುತ್ತವೆ. ಬಯಾತಿ ಎಂಬ ಮಕಾಮ್ ಮಾತ್ರ ಸಿಕ್ಕುವುದಿಲ್ಲ. ಅದರ ರಿಷಭ ನಮ್ಮ ಶುದ್ಧ ರಿಷಭಕ್ಕೂ ಚತುಶ್ರುತಿ ರಿಷಭಕ್ಕೂ ನಡುವೆ ನಿಲ್ಲುತ್ತದೆ. ಪಿಯಾನೋದಲ್ಲಿ ಆ ಜಾಗದಲ್ಲಿ ಕೀಲಿಯೇ ಇಲ್ಲ. ಅದನ್ನು ಅತ್ತ ಅಥವಾ ಇತ್ತ ತಳ್ಳಿ ಸ್ವರಮೇಳ (ಕಾರ್ಡ್) ಕಟ್ಟಿದರೆ ಹಾಡು ಪಾಶ್ಚಾತ್ಯರ ಮೈನರ್ ಸ್ಕೇಲಿನಂತೆ ಕೇಳಿಸುತ್ತದೆ, ಹಿರಿಯರು ಸುಮ್ಮನಾಗುತ್ತಾರೆ.

ನಮ್ಮ ಸಾಜ್ ವಾದಕ ಟರ್ಕಿಯ ದಿಯಾರ್‌ಬಕಿರ್ ಕಡೆಯವನು. ಸಾಜ್‌ನ ಮೆಟ್ಟುಗಳು ವೀಣೆಯಂತೆ ಮೇಣದಲ್ಲಿ ಕೂತವಲ್ಲ; ಕತ್ತಿನ ಸುತ್ತ ನೈಲಾನ್ ದಾರ ಸುತ್ತಿ ಕಟ್ಟಿದವು, ಬೇಕೆಂದರೆ ಬೆರಳಲ್ಲಿ ಸರಿಸಬಹುದು. ಒಂದು ಸಂಜೆ ಅವನನ್ನು ಎದುರಿಗೆ ಕೂರಿಸಿಕೊಂಡು, ಕೀಬೋರ್ಡಿನ ಶ್ರುತಿ ಬದಲಿಸುವ ಪುಟ ತೆರೆದು, ಬಯಾತಿಯ ಆ ಒಂದು ಸ್ವರವನ್ನು 50 ಸೆಂಟ್ (ಪಕ್ಕಪಕ್ಕದ ಎರಡು ಕೀಲಿಗಳ ಅಂತರ ನೂರು ಸೆಂಟ್) ಇಳಿಸಿದೆ. ಸಾಮಾನ್ಯವಾಗಿ ಎಲ್ಲರೂ ಇಡುವುದು ಅಷ್ಟೇ. ಅವನು ಮೂಗು ಮುರಿದು, ‘ಅಕ್ಕಾ, ಇದು ಅರಬ್ಬರ ಮದುವೆ’ ಎಂದ. ಒಂದೊಂದೇ ಸೆಂಟ್ ಏರಿಸುತ್ತ ಬಂದೆ. ಇಳಿಕೆ 40ರ ಆಸುಪಾಸಿಗೆ ಬಂದಾಗ ಮಾತಾಡದೆ ತಾನೂ ಮೀಟತೊಡಗಿದ. ಅದನ್ನೇ ಉಳಿಸಿಟ್ಟುಕೊಂಡೆವು. ಈಗ ಕೀಬೋರ್ಡು ಆಧಾರ ಶ್ರುತಿ ಹಿಡಿದು ನಿಲ್ಲುತ್ತದೆ. ಮೂರು ಸ್ವರಗಳ ಮೇಳ ನುಡಿಸುವುದನ್ನು ನಾನೇ ನಿಲ್ಲಿಸಿದ್ದೇನೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದರಿಂದ ನಷ್ಟವೇನೂ ಆಗಲಿಲ್ಲ.

ಲಯದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹತ್ತು ಎಣಿಕೆಯ 10/8 ತಾಳವನ್ನು ಮೂರು-ಎರಡು-ಎರಡು-ಮೂರು ಎಂದು ಎಣಿಸಲು ನಮ್ಮವರಿಗೆ ಕಷ್ಟವಿಲ್ಲ, ಜರ್ಮನ್ ಗೆಳೆಯರಿಗೆ ಮಾತ್ರ ಬೆವರು ಕಿತ್ತುಕೊಂಡು ಬಂತು.

ಸಾಹಿತ್ಯದ ಕೆಲಸ ಬೈಬಲಿನ ಕೀರ್ತನೆಗಳಿಂದ ಶುರುವಾಯಿತು. ಕಾಮಿಶ್ಲಿಯ ಒಬ್ಬ ಹಿರಿಯರಿದ್ದಾರೆ, ನಾವು ಮಾಮೋ ಎನ್ನುತ್ತೇವೆ. ಸೋವಿಯತ್ ಕಾಲದ ಅರ್ಮೇನಿಯಾದ ಯೆರೆವಾನ್ ರೇಡಿಯೋದ ಕುರ್ದಿಷ್ ಪ್ರಸಾರ ಕೇಳುತ್ತ ದೆಂಗ್‌ಬೇಜ್ ಗಾಯನ ಕಲಿತವರು. ದೆಂಗ್‌ಬೇಜರು ಹೆಚ್ಚಾಗಿ ವಾದ್ಯವಿಲ್ಲದೆ, ಬರೀ ಕಂಠದಲ್ಲಿ ಯುದ್ಧ, ಪ್ರೇಮ, ಸಾವುಗಳ ಕಥೆಯನ್ನು ಹಾಡಿ ಹೇಳುವವರು. ಹದಿಮೂರನೆಯ ಕೀರ್ತನೆಯನ್ನು ಕುರ್ಮಾಂಜಿಯಲ್ಲಿ ಓದಿಸಿಕೊಂಡರು. ಕರ್ತನೇ, ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು ಮೊರೆಯಿಡುವ ಕೀರ್ತನೆ ಅದು. ಮತ್ತೆ ಓದಿಸಿದರು. ಪುಸ್ತಕ ಮುಚ್ಚಿ, ಅಂಗೈಯನ್ನು ಕಿವಿಗೆ ಇಟ್ಟುಕೊಂಡು, ಮೇಲಿನ ಸ್ವರದಲ್ಲಿ ಉದ್ದನೆಯ ಒಂದು ಕೂಗು ಹಾಕಿದರು. ಆಮೇಲೆ ಒಂದೇ ಉಸಿರಿನಲ್ಲಿ ಮಾತುಗಳು ಒತ್ತೊತ್ತಾಗಿ ಹರಿದು, ಕೊನೆಗೆ ಆಧಾರ ಷಡ್ಜಕ್ಕೆ ಇಳಿದವು. ತಾಳವಿಲ್ಲ, ನನ್ನ ಸ್ವರಲಿಪಿಯ ಗೆರೆಗಳೊಳಗೆ ಅದು ಕೂರಲಿಲ್ಲ. ರೆಕಾರ್ಡರ್ ಇದ್ದದ್ದು ಒಳ್ಳೆಯದಾಯಿತು.

ಆದರೆ ದೆಂಗ್‌ಬೇಜ್ ಹಾಡನ್ನು ಸಭೆ ಒಟ್ಟಾಗಿ ಹಾಡಲಾಗದು. ಕೊಬಾನಿಯ ಹುಡುಗಿಯೊಬ್ಬಳು ಏಳು ಅಕ್ಷರಗಳ ಎರಡು ಸಾಲಿನ ಪಲ್ಲವಿ ಹೆಣೆದಳು. ಕುರ್ದ್ ಜನಪದ ಪದ್ಯಗಳು ಹೀಗೆಯೇ ಅಕ್ಷರ ಎಣಿಸಿ ನಡೆಯುತ್ತವೆ; ಏಳು, ಎಂಟು, ಹನ್ನೊಂದು ಅಕ್ಷರದ ಸಾಲುಗಳು ಎಲ್ಲರ ನಾಲಿಗೆಯ ಮೇಲಿವೆ. ಮಾಮೋ ಒಂದು ಭಾಗ ಹಾಡುವುದು, ಸಭೆ ಪಲ್ಲವಿ ಹಿಡಿಯುವುದು, ನಡುವೆ ಸಾಜ್. ಇಷ್ಟು ಅಳು ಆರಾಧನೆಯಲ್ಲಿ ಸರಿಯೇ ಎಂದು ಒಬ್ಬರು ಕೇಳಿದರು. ಕೀರ್ತನೆಗಳ ಪುಸ್ತಕದ ದೊಡ್ಡ ಪಾಲೇ ಅಳು ಎಂದು ಮಾಮೋ ಉತ್ತರಿಸಿದರು. ಇರಾಕಿನ ಹಲಬ್ಜಾದಲ್ಲಿ ಕುರ್ದರ ಮೇಲೆ ನಡೆದ 1988ರ ವಿಷಾನಿಲದ ದಾಳಿಯಿಂದ ಕೊಬಾನಿಯ ಮುತ್ತಿಗೆಯವರೆಗೆ ಕಂಡ ಜನರಿಗೆ ಬರೀ ಚಪ್ಪಾಳೆಯ ಹಾಡು ಕೊಟ್ಟರೆ ಸಾಕಾಗದು ಎಂಬುದು ನನ್ನ ಅಭಿಪ್ರಾಯ ಕೂಡ.

ಎಲ್ಲಿ ನಿಲ್ಲಬೇಕು ಎಂಬುದನ್ನೂ ಮೊದಲೇ ನಿರ್ಧರಿಸಿಕೊಂಡಿದ್ದೆವು. ತಮ್ಮದೇ ಧರ್ಮವಿರುವ ಯಜೀದಿಗಳ ಖವ್ವಾಲರು, ಅಂದರೆ ಸ್ತುತಿಗಾಯಕರು, ದಫ್ (ಚರ್ಮವಾದ್ಯ), ಕೊಳಲುಗಳೊಂದಿಗೆ ಹಾಡುವ ಪವಿತ್ರ ಸ್ತುತಿಗಳ ರಾಗ ಎಷ್ಟೇ ಚೆಂದವಿದ್ದರೂ ಮುಟ್ಟುವುದಿಲ್ಲ. ಟರ್ಕಿ ಕಡೆಯ ಅಲೆವಿ ಪಂಗಡದವರ ಧಾರ್ಮಿಕ ಹಾಡುಗಳನ್ನೂ ಮುಟ್ಟುವುದಿಲ್ಲ. ಇನ್ನೊಂದು: 2014ರಲ್ಲಿ ಇರಾಕಿನ ಶಿಂಗಾಲ್‌ನಲ್ಲಿ ಐಸಿಸ್ ಕೈಗೆ ಸಿಕ್ಕಿ ಬದುಕಿ ಬಂದ ಸುಮಾರು ಸಾವಿರ ಮಹಿಳೆಯರು ಮತ್ತು ಮಕ್ಕಳಿಗೆ ಇದೇ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ ಆಶ್ರಯ ಕೊಟ್ಟಿತು. ಹೆಚ್ಚಿನವರು ಯಜೀದಿಗಳು. ಅಂಥವರ ವಸತಿಗೆ ಸಾಜ್ ಹಿಡಿದು ಸುವಾರ್ತೆಗೆ ಹೋಗೋಣವೇ ಎಂದು ಹೊರಗಿನಿಂದ ಬಂದ ತಂಡವೊಂದು ಕೇಳಿತು. ಬೇಡ ಎಂದೆ. ಧರ್ಮದ ಹೆಸರಿನಲ್ಲೇ ಮನೆ ಮುರಿದುಕೊಂಡವರ ಬಾಗಿಲಿಗೆ ಇನ್ನೊಂದು ಧರ್ಮದ ಹಾಡು ಒಯ್ಯುವುದು ನನ್ನ ಮನಸ್ಸಿಗೆ ಒಗ್ಗದು. ಕೂಟದ ಬಾಗಿಲು ತೆರೆದಿದೆ, ಬರುವವರು ಬರುತ್ತಾರೆ.

ಹಾಡು ಹಂಚುವ ಬಗೆ ಸರಳ: ಟೆಲಿಗ್ರಾಂ, ವಾಟ್ಸಾಪ್. ಮುಖವಿಲ್ಲ, ಹೆಸರಿಲ್ಲ, ಹಿನ್ನೆಲೆಗೆ ಬೆಟ್ಟದ ಚಿತ್ರ. ಇರಾಕಿನ 2015ರ ಗುರುತಿನ ಚೀಟಿ ಕಾನೂನು ಇಸ್ಲಾಂ ತೊರೆದವರ ಮತಾಂತರವನ್ನು ಒಪ್ಪುವುದಿಲ್ಲ. ಅಲ್ಲಿರುವ ನೆಂಟರಿಗೆ ಧ್ವನಿ ಗುರುತು ಸಿಕ್ಕರೂ ತೊಂದರೆ. ಹಾಗಾಗಿ ಹಾಡಿದವರ ಒಪ್ಪಿಗೆಯನ್ನು ಮುದ್ರಣದ ದಿನ ಒಮ್ಮೆ, ಕಳಿಸುವ ಮುನ್ನ ಇನ್ನೊಮ್ಮೆ ಕೇಳುತ್ತೇನೆ. ಸಾಜ್ ವಾದಕನಿಗೆ ಈ ಮರೆ ಹೊಸದಲ್ಲ. ಟರ್ಕಿಯಲ್ಲಿ 1983ರಿಂದ 1991ರವರೆಗೆ ಕುರ್ದಿಷ್ ಪ್ರಕಟಣೆಗೆ ಕಾನೂನಿನ ನಿಷೇಧವಿದ್ದಾಗ ಅವನ ತಂದೆ ಕ್ಯಾಸೆಟ್ಟುಗಳನ್ನು ಹಿಟ್ಟಿನ ಡಬ್ಬದಲ್ಲಿ ಇಡುತ್ತಿದ್ದರಂತೆ.

ಇರಾಕಿನ ಎರ್ಬಿಲ್‌ನಿಂದ ಒಬ್ಬರು ಅದೇ ಹಾಡನ್ನು ಅಲ್ಲಿನ ಕುರ್ದಿಷ್ ಆದ ಸೊರಾನಿಯಲ್ಲಿ ಕೊಡಿ ಎಂದು ಬರೆದರು. ಕುರ್ಮಾಂಜಿಗೆ ಹೆಚ್ಚಾಗಿ ಲ್ಯಾಟಿನ್ ಲಿಪಿ, ಸೊರಾನಿಗೆ ಅರಬ್ಬಿ ಮೂಲದ ಲಿಪಿ. ಲಿಪಿ ಬದಲಿಸಿದರೆ ಸಾಲದು, ವ್ಯಾಕರಣವೇ ಬೇರೆ, ಅಕ್ಷರದ ಎಣಿಕೆ ತಪ್ಪುತ್ತದೆ. ಅಲ್ಲಿನವರೇ ಕಟ್ಟಲಿ, ಬೇಕಿದ್ದರೆ ಮುದ್ರಣದ ವಿಧಾನ ಹೇಳಿಕೊಡುತ್ತೇನೆ ಎಂದೆ. ಇಲ್ಲಿ ಸದ್ಯಕ್ಕೆ ಜಗಳ ಬೇರೆ: ಈಸ್ಟರ್‌ಗೆ ದಹೋಲ್ ಎಂಬ ಡೋಲು ಮತ್ತು ಜುರ್ನಾ ಎಂಬ ಊದುವಾದ್ಯ ತರಬೇಕು, ಕೈ ಕೈ ಹಿಡಿದು ಗೋವೆಂದ್ ನೃತ್ಯ ಕುಣಿಯಬೇಕು ಎಂದು ಹುಡುಗರ ಹಟ. ಅದು ಮದುವೆ ಮನೆಯ ವಾದ್ಯ ಎಂದು ಹೆಂಗಸರಲ್ಲಿ ಕೆಲವರ ತಕರಾರು. ನೆಲಮಾಳಿಗೆಯಲ್ಲಿ ಜುರ್ನಾ ಊದಿದರೆ ಮೇಲಿನ ಮನೆಯವರು ಪೊಲೀಸರನ್ನು ಕರೆಯುತ್ತಾರೆ ಎಂಬುದು ನನ್ನ ಚಿಂತೆ. ಅಂಗಳಕ್ಕೆ ಅನುಮತಿ ಕೇಳಿ ಪತ್ರ ಬರೆದಿದ್ದೇನೆ.